ಬೆರಳು ನೋಡುವ ಮುನಿರತ್ನಮ್ಮ

ರಕ್ತದೊತ್ತಡ ಅಳೆಯುವ ಪಟ್ಟಿ ತೋಳಿಗೆ ಬಿಗಿಯುತ್ತಿರುವಾಗ ಎಲ್ಲರ ದೃಷ್ಟಿಯೂ ಯಂತ್ರದ ಅಂಕಿಗಳ ಮೇಲಿರುತ್ತದೆ. ನಮ್ಮ ಮುನಿರತ್ನಮ್ಮ ಮಾತ್ರ ಎದುರಿಗೆ ಕುಳಿತವರ ಬೆರಳುಗಳನ್ನು ನೋಡುತ್ತಾರೆ. ಅಂಕಿ ಮೂಡಿ ಯಂತ್ರ ಕೀ ಎಂದರೂ ಅವರಿಗೆ ಅವಸರವಿಲ್ಲ. ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ ಒಮ್ಮೆ ಕಣ್ಣು ಹಾಯಿಸಿ, ಆಮೇಲೆ "ಆಯ್ತು ಬುಡಿ" ಎಂದು ಅಂಕಿಯನ್ನು ಪುಸ್ತಕಕ್ಕೆ ಬರೆದುಕೊಳ್ಳುತ್ತಾರೆ.

ತಮಿಳು ಸೀಮೆಯ ಗಡಿಯಲ್ಲಿರುವ ನಮ್ಮ ಉದ್ದನಪಲ್ಲಿಯ ಸುತ್ತಮುತ್ತ ಮನೆಮನೆಗೆ ಹೋಗಿ ಬಿ.ಪಿ., ಸಕ್ಕರೆ ನೋಡಿ ಮಾತ್ರೆ ಕೊಟ್ಟುಬರುವುದು ಅವರ ಕೆಲಸ. ಕಾಯಂ ನೌಕರಿಯಲ್ಲ, ಮೇಲಿನವರು ಯಾವಾಗ ಬೇಕಾದರೂ ಬೇಡವೆನ್ನಬಹುದಾದ ಕೆಲಸ. ಸೀರೆಯ ಮೇಲೆ ಗಂಡನ ಹಳೆಯ ತುಂಬುತೋಳಿನ ಅಂಗಿ, ಹೆಗಲಿಗೆ ಜೋತುಬಿದ್ದ ಚೀಲ, ಒಡೆದ ಹಿಮ್ಮಡಿಯ ನೋವಿಗೆ ಬಲಗಾಲನ್ನು ತುಸು ಓರೆಯಾಗಿ ಊರುವ ನಡಿಗೆ: ಟೊಮ್ಯಾಟೊ ತೋಟದ ಬದುವಿನ ಮೇಲೆ ಬರುತ್ತಿರುವವರು ಅವರೇ ಎಂದು ಅರ್ಧ ಮೈಲಿ ದೂರದಿಂದಲೇ ಹೇಳಬಹುದು. ನಮ್ಮ ಜಗಲಿಗೆ ಬಂದರೆ ಮೊದಲು ಕೂರುತ್ತಾರೆ, ಆಮೇಲೆ ಉಸ್ಸೆನ್ನುತ್ತಾರೆ, ಮಾತು ಏನಿದ್ದರೂ ಅನಂತರ.

"ಹೋದ ತಿಂಗಳು ಕೊಟ್ಟ ಮಾತ್ರೆ?"

"ಬೀರುನಾಗೆ ಐತೆ."

"ನುಂಗಿದ್ರಾ?"

"ನಾಳೆಯಿಂದ ಶುರು ಮಾಡ್ತೀನಿ."

"ಆಯ್ತು ಬುಡಿ."

ದಿನಕ್ಕೆ ಇಪ್ಪತ್ತು ಮನೆಗಳಲ್ಲಿ ಇದೇ ಉತ್ತರ ಕೇಳಿದರೆ ಎಂಥ ಉತ್ಸಾಹಿಯೂ ಬಾಡಿಹೋಗಬೇಕು. ಈ ಉತ್ತರ ಕೊಟ್ಟ ಮಹಾನುಭಾವರಲ್ಲಿ ನಾನೂ ಒಬ್ಬನೆಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಬೆರಳು ನೋಡುವ ಅಭ್ಯಾಸ ಮೊದಲಿರಲಿಲ್ಲ. ಮೂರು ವರ್ಷದ ಹಿಂದೆ ನನ್ನ ಅಕ್ಕ ಗೋವಿಂದಮ್ಮನ ಕತ್ತಿನಲ್ಲಿ ಗಡ್ಡೆ ಕಾಣಿಸಿಕೊಂಡು, ಥೈರಾಯ್ಡ್ ಗ್ರಂಥಿಯನ್ನು ಪೂರ್ತಿ ತೆಗೆಸಬೇಕಾಯಿತು. ಮನೆಗೆ ಬರುವಾಗ ಎರಡು ಬಗೆಯ ಮಾತ್ರೆ ಕೊಟ್ಟರು: ಥೈರಾಯ್ಡಿನ ಸಣ್ಣದು, ಕ್ಯಾಲ್ಸಿಯಮ್ಮಿನ ದಪ್ಪನೆಯದು. ದಪ್ಪನೆಯದು ಗಂಟಲಲ್ಲಿ ಇಳಿಯದೆ ಅಕ್ಕ ದಿನವೂ ಗೋಳಾಡುತ್ತಿದ್ದಳು. "ಇದು ಯಾತಕ್ಕಮ್ಮ?" ಎಂದು ಮುನಿರತ್ನಮ್ಮನನ್ನೇ ಕೇಳಿದಳು.

"ಮೂಳೆಗೆ ಕಣಕ್ಕ. ಎರಡೊತ್ತೂ ರಾಗಿಮುದ್ದೆ ತಿಂತೀರ, ಅದರಾಗೇ ಬೇಕಾದಷ್ಟು ಕ್ಯಾಲ್ಸಿಯಂ ಐತೆ ಅಂತ ಟ್ರೈನಿಂಗಲ್ಲಿ ಹೇಳವ್ರೆ. ಇಳೀದಿದ್ರೆ ಬುಡಿ."

ರಾಗಿಯನ್ನು ಹೊಗಳಿದರೆ ನಮ್ಮ ಸೀಮೆಯವರು ಮತ್ತೆ ಪ್ರಶ್ನೆ ಕೇಳುವುದಿಲ್ಲ. ಅಕ್ಕ ಮಾತ್ರೆ ಬಿಟ್ಟಳು, ನಾನು ತಲೆದೂಗಿದೆ.

ಎಂಟು ದಿನ ಕಳೆದು ಮುನಿರತ್ನಮ್ಮ ಬಿ.ಪಿ. ನೋಡಲು ಬಂದರು. ಬ್ಯಾಟರಿ ಇಳಿದಿದ್ದ ಯಂತ್ರ ಎರಡು ಸಲ ಅಂಕಿ ತೋರಿಸಲಿಲ್ಲ. ಮೂರನೆಯ ಸಲ ಪಟ್ಟಿ ಬಿಗಿಯುತ್ತಿದ್ದಂತೆ ಅಕ್ಕನ ಮಣಿಕಟ್ಟು ಬಾಗಿತು, ಹೆಬ್ಬೆರಳು ಅಂಗೈಯೊಳಕ್ಕೆ ಮಡಚಿಕೊಂಡಿತು, ಉಳಿದ ಬೆರಳು ಒಂದಕ್ಕೊಂದು ಅಂಟಿ ಸೆಟೆದವು. ಮುದ್ದೆ ಮುರಿಯಲು ಹೊರಟ ಕೈ ತಟ್ಟೆಯ ಮೇಲೇ ನಿಂತುಬಿಟ್ಟ ಹಾಗೆ. "ಬಾಯ್ ಸುತ್ತ ಇರುವೆ ಹರಿದಂಗೆ ಆಗ್ತೈತೆ" ಎಂದಳು ಅಕ್ಕ. ಪಕ್ಕದ ಮನೆಯವರು ಗಾಳಿ ಸೋಕಿದೆಯೆಂದರು. ಮುನಿರತ್ನಮ್ಮ ಯಾರ ಮಾತೂ ಕೇಳದೆ ಆಂಬುಲೆನ್ಸ್ ಕರೆಸಿ, ಚೀಲವನ್ನು ಜಗಲಿಯಲ್ಲೇ ಬಿಟ್ಟು ಹತ್ತಿದರು.

ಕೃಷ್ಣಗಿರಿಯ ಆಸ್ಪತ್ರೆಯಲ್ಲಿ ನರಕ್ಕೆ ಕ್ಯಾಲ್ಸಿಯಂ ಇಳಿಯುತ್ತಿದ್ದಂತೆ ಅಕ್ಕನ ಬೆರಳು ಮೆಲ್ಲಗೆ ಸಡಿಲಾದವು. ಇನ್ನೊಂದು ದಿನ ತಡವಾಗಿದ್ದರೆ ಉಸಿರೇ ಕಟ್ಟುತ್ತಿತ್ತೆಂದರು ಡಾಕ್ಟರು. ಅವರು ತಮಿಳಿನಲ್ಲಿ ಹೇಳಿದ್ದನ್ನು ಮುನಿರತ್ನಮ್ಮ ಮಂಚದ ಪಕ್ಕ ಕುಳಿತು ನಮಗೆ ಕನ್ನಡದಲ್ಲಿ ಹೇಳಿದರು.

"ಥೈರಾಯ್ಡಾಗೆ ಕ್ಯಾಲ್ಸಿಟೋನಿನ್ ಅಂತ ಒಂದು ರಸ ಬರ್ತೈತಂತೆ. ರಕ್ತದಾಗೆ ಕ್ಯಾಲ್ಸಿಯಂ ಜಾಸ್ತಿ ಆದ್ರೆ, ಮೂಳೆಯಿಂದ ಇನ್ನೂ ಬರ್ದಂಗೆ ತಡೀತೈತಂತೆ. ಅದು ಹೋದ್ರೆ ಅಷ್ಟೇನೂ ಆಗಲ್ಲ. ಆದ್ರೆ ಥೈರಾಯ್ಡ್ ಬೆನ್ನಿಗೆ ಕಾಳಷ್ಟು ನಾಕು ಗ್ರಂಥಿ ಅಂಟ್ಕೊಂಡಿರ್ತವೆ, ಕಮ್ಮಿ ಆದಾಗ ಮೂಳೆಯಿಂದ ತೆಗ್ದು ರಕ್ತಕ್ಕೆ ಕೊಡೋವು ಅವೇ. ಆಪರೇಷನ್ನಾಗೆ ಅವು ಸೋತೋಗವೆ. ತಿಂದಿದ್ದು ಮೈಗೆ ಹತ್ತೋಕೂ ಅವೇ ಬೇಕಂತೆ. ರಾಗಿ ಎಷ್ಟು ತಿಂದ್ರೂ ಸಾಲ್ದು ಕಣಕ್ಕ, ಮಾತ್ರೆ ಬೇಕೇ ಬೇಕು."

ಅಷ್ಟು ಹೇಳಿ ಅವರು ತಲೆ ತಗ್ಗಿಸಿದರು. ಅಕ್ಕ ಅವರದೇ ಮಾತಿನಲ್ಲಿ ಸಮಾಧಾನ ಹೇಳಿದಳು: "ಆಯ್ತು ಬುಡಮ್ಮ, ನಿಂದೇನು ತಪ್ಪು."

"ಆಗಿಲ್ಲ ಕಣಕ್ಕ. ನೀವೇ ಮಾತ್ರೆ ಮರೆತ್ರಿ ಅಂತ ಆಸ್ಪತ್ರೆಯೋರು ಬರ್ಕೋತಿದ್ರು. ನಾನೇ ಬ್ಯಾಡ ಅಂದಿದ್ದು ಅಂತ ಹೇಳಿ ಬಂದೀನಿ."

ಆ ಸುಳ್ಳನ್ನು ತಿದ್ದೆಂದು ಅವರನ್ನು ಯಾರೂ ಕೇಳಿರಲಿಲ್ಲ. ತಿದ್ದಿದ್ದರಿಂದ ಅವರ ಕೆಲಸವೇ ಹೋಗಬಹುದಿತ್ತು. ಮೇಲಿನವರು ಕರೆಸಿ ಬೈದರು, ಬರೆಸಿಕೊಂಡರು, ಒಂದು ತಿಂಗಳು ಕೆಲಸದಿಂದ ಹೊರಗಿಟ್ಟರು. ಕೊನೆಗೆ ಅಷ್ಟು ದೂರ ನಡೆಯಲು ಬೇರಾರೂ ಒಪ್ಪಲಿಲ್ಲವೆಂದು ಕಾಣುತ್ತದೆ, ಮತ್ತೆ ಚೀಲ ಕೊಟ್ಟರು. ಚೀಲ ಬಂದ ಮೊದಲ ವಾರವೆಲ್ಲ ಅವರು ರಾಗಿಯ ಮಾತು ಆಡಿದ್ದ ಮನೆಗಳನ್ನು ನೆನಪಿಸಿಕೊಂಡು ಒಂದೊಂದಕ್ಕೂ ಹೋಗಿ, ಡಾಕ್ಟರು ಬರೆದ ಮಾತ್ರೆಯನ್ನು ತಮ್ಮ ಮಾತು ಕೇಳಿ ಬಿಡಬಾರದೆಂದು ಹೇಳಿಬಂದರು.

ಈಚೆಗೆ ಒಮ್ಮೆ ನಾನೇ ಕೇಳಿದೆ: "ಎಲ್ಲಾರ ಬೆರಳೂ ಯಾಕಮ್ಮ ನೋಡ್ತೀಯ? ಅವರಿಗೆಲ್ಲ ಆಪರೇಷನ್ ಆಗಿಲ್ವಲ್ಲ."

"ಗೊತ್ತಣ್ಣ," ಎಂದರು, ಪಟ್ಟಿ ಸುತ್ತಿಡುತ್ತ. "ಕಣ್ಣು ಕೇಳಲ್ಲ."

ತಪ್ಪನ್ನು ಒಪ್ಪಿಕೊಂಡು ಹಗುರಾಗುವವರು ಲೋಕದಲ್ಲಿ ಬೇಕಾದಷ್ಟು ಜನರಿದ್ದಾರೆ, ಒಪ್ಪಿಕೊಳ್ಳದೆಯೇ ಹಗುರಾಗಿರುವವರು ಇನ್ನೂ ಹೆಚ್ಚು. ಒಪ್ಪಿಕೊಂಡ ಮೇಲೂ ಅದನ್ನು ಕೆಳಗಿಡಲಾರದೆ, ದಿನದಿನದ ಕೆಲಸದೊಳಗೇ ಬೆರೆಸಿಕೊಂಡು ಬಿಸಿಲಿನಲ್ಲಿ ನಡೆಯುವವರು ವಿರಳ, ಮತ್ತು ಅವರು ಬೇಗ ದಣಿಯುತ್ತಾರೆ. ಅವರ ಆ ದಣಿವಿನ ನೆರಳಿನಲ್ಲಿ ಉಳಿದವರೆಲ್ಲ ನೆಮ್ಮದಿಯಾಗಿ ಬದುಕುತ್ತೇವೆಂಬುದು, ಅಕ್ಕ ಊಟಕ್ಕೆ ಕುಳಿತು ಬೆರಳು ಬಿಡಿಸಿ ಮುದ್ದೆ ಮುರಿಯುವಾಗಲೆಲ್ಲ ನನಗೆ ನೆನಪಾಗುತ್ತದೆ.