ಇಂಗಿನ ಡಬ್ಬಿ

"ಇನ್ನೂ ಸ್ವಲ್ಪ ಹತ್ರ ಹಿಡಿಯೇ ತಂಗಿ. ಬಿಸಿನೇ ತಾಗ್ತಿಲ್ಲ," ಎಂದಳು ಚೌಡಮ್ಮ.

ರಕ್ಷಿತಾ ಹೊಗೆಯಾಡುವ ಬತ್ತಿಯನ್ನು ಅವಳ ಮೊಣಕಾಲಿನ ಕೆಳಗೆ ಇನ್ನಷ್ಟು ಹತ್ತಿರ ತಂದಳು. ಒಣಗಿದ ಎಲೆಯ ಪುಡಿಯನ್ನು ಕಾಗದದಲ್ಲಿ ಸುತ್ತಿದ, ಹೆಬ್ಬೆರಳಿನ ಗಾತ್ರದ ಬತ್ತಿ ಅದು. ನಮ್ಮ ಮಾಚಿಪತ್ರೆಯ ಜಾತಿಯದೇ ಎಲೆ, ಚೀನಾದವರು ಸೂಜಿ ಚುಚ್ಚುವ ಚಿಕಿತ್ಸೆಯ ಜೊತೆಗೆ ಇದರ ಶಾಖವನ್ನೂ ಕೊಡುತ್ತಾರೆ ಎಂದು ಕ್ಲಿನಿಕ್ಕಿನ ಡಾಕ್ಟರು ಹೇಳಿಕೊಟ್ಟಿದ್ದರು. ಚರ್ಮ ಕೆಂಪಾಗತೊಡಗಿತು. ಬೇರೆ ಯಾರೇ ಆಗಿದ್ದರೂ ಇಷ್ಟು ಹೊತ್ತಿಗೆ ಕಾಲೆಳೆದುಕೊಳ್ಳುತ್ತಿದ್ದರು. ಚೌಡಮ್ಮ ಅಲ್ಲಾಡಲಿಲ್ಲ. ರಕ್ಷಿತಾ ತಾನಾಗಿಯೇ ಕೈ ಹಿಂದೆಳೆದುಕೊಂಡಳು.

ಹೊರಗೆ ಸಿದ್ದಾಪುರದ ಪೇಟೆಯಲ್ಲಿ ಯುಗಾದಿ ಹತ್ತಿರದ ಬಿಸಿಲು. ಚೌಡಮ್ಮ ಮಾತ್ರ ಸ್ವೆಟರ್ ಹಾಕಿ, ಮೇಲೆ ಸೆರಗು ಹೊದ್ದು ಮಲಗಿದ್ದಳು. ರೆಪ್ಪೆ ಊದಿತ್ತು. ಹುಬ್ಬಿನ ತುದಿಯ ಕೂದಲು ಉದುರಿತ್ತು. ದನಿ ದಪ್ಪಗಾಗಿ, ಮಾತು ಒಂದೊಂದೇ ಹೆಜ್ಜೆಯಿಟ್ಟು ಬರುತ್ತಿತ್ತು.

ರಕ್ಷಿತಾಗೆ ಇದರಲ್ಲಿ ಹೊಸದು ಯಾವುದೂ ಇರಲಿಲ್ಲ. ಒಂಬತ್ತನೇ ಕ್ಲಾಸಿನಲ್ಲಿ ಅವಳೂ ಹೀಗೇ ಇದ್ದಳು. ಪಾಠದ ನಡುವೆ ತಲೆ ಬೆಂಚಿಗೆ ವಾಲುತ್ತಿತ್ತು. ಮೇಷ್ಟ್ರು ಅವಳನ್ನು ನಿಲ್ಲಿಸಿ, ಸೋಮಾರಿ ಎಂದರೆ ಹೀಗಿರುತ್ತದೆ ನೋಡಿ ಎಂದು ಕ್ಲಾಸಿಗೆಲ್ಲ ತೋರಿಸಿದ್ದರು. ಆ ವರ್ಷವೇ ಶಾಲೆ ಬಿಟ್ಟಳು. ಆಮೇಲೆ ಎಷ್ಟೋ ಕಾಲಕ್ಕೆ ಶಿರಸಿಯ ಡಾಕ್ಟರೊಬ್ಬರು ರಕ್ತ ನೋಡಿ, ಇದು ಸೋಮಾರಿತನವಲ್ಲ, ಥೈರಾಯ್ಡ್ ಎಂದರು. ಮನೆ ಕಾಯುವ ನಾಯಿಯೇ ಮನೆಯವರನ್ನು ಕಚ್ಚಿದ ಹಾಗೆ, ಮೈಯೊಳಗಿನ ಕಾವಲೇ ಗಂಟಲಿನ ಗ್ರಂಥಿಯನ್ನು ತಿನ್ನುತ್ತಿದೆ. ದಿನಾ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಒಂದು ಗುಳಿಗೆ, ಬಹುಶಃ ಜೀವನಪೂರ್ತಿ. ಅವ್ವನ ಕಿವಿಗೆ ಬಿದ್ದದ್ದು ಆ ಕೊನೆಯ ಮಾತೊಂದೇ. ಮನೆಗೆ ಬಂದವಳೇ ಗುಳಿಗೆಗಳನ್ನೆಲ್ಲ ಖಾಲಿಯಾಗಿದ್ದ ಇಂಗಿನ ಡಬ್ಬಿಗೆ ಸುರಿದು, ಸಾಸಿವೆ ಮೆಂತ್ಯದ ಸಾಲಿನಲ್ಲಿ ಇಟ್ಟಳು. ದಿನಾ ಗುಳಿಗೆ ನುಂಗುವ ಹುಡುಗಿ ಎಂದು ಊರಿಗೆ ಗೊತ್ತಾಗುವುದು ಅವಳಿಗೆ ಬೇಕಿರಲಿಲ್ಲ.

ಗುಳಿಗೆಯಿಂದ ರಕ್ತದ ಲೆಕ್ಕ ಸರಿಹೋದರೂ ಕೀಲುಗಳ ನೋವು ಉಳಿದಿತ್ತು. ಆಗಲೇ ಅವಳು ಈ ಸೂಜಿ ಡಾಕ್ಟರ ಹತ್ತಿರ ಬಂದದ್ದು. ಎರಡೂ ಕೈಗಳ ನಾಡಿ ಹಿಡಿದು, ನಾಲಿಗೆ ನೋಡಿ, ಡಾಕ್ಟರ್ ಆನಂದ ಅವರು ಮೊದಲ ದಿನವೇ ಸ್ಪಷ್ಟವಾಗಿ ಹೇಳಿದ್ದರು, ಸೂಜಿ ಬೇರೆ, ಗುಳಿಗೆ ಬೇರೆ, ಅದನ್ನು ಬಿಡಕೂಡದು ಎಂದು. ನಿದ್ದೆ ಚೆನ್ನಾಗಿ ಬರತೊಡಗಿತು, ನೋವು ಇಳಿಯಿತು. ಕ್ಲಿನಿಕ್ಕಿನಲ್ಲೇ ಕೆಲಸವೂ ಸಿಕ್ಕಿತು. ಬೆಂಚಿನ ಮೇಲೆ ಕಾಯುವ ಹೆಂಗಸರು ಅವಳ ಮುಖದ ಕಳೆ ನೋಡಿ, ಎಲ್ಲ ಚೀನಾ ಸೂಜಿಯ ಮಹಿಮೆ ಎಂದು ಮಾತಾಡಿಕೊಳ್ಳುತ್ತಿದ್ದರು. ಅವಳು ಹೌದು ಎನ್ನುತ್ತಿರಲಿಲ್ಲ, ಅಲ್ಲ ಎಂದೂ ಎನ್ನುತ್ತಿರಲಿಲ್ಲ.

ಅದೇ ಕಾಯಿಲೆ ಹೊತ್ತು ಕೋಲಸಿರ್ಸಿಯಿಂದ ಬಂದವಳು ಚೌಡಮ್ಮ. ಮಾತಿನ ಹೆಂಗಸು. ಬರುವಾಗೆಲ್ಲ ಇವಳಿಗೆಂದು ಪೇರಲೆಯೋ ಮುರುಗಲ ಹಣ್ಣೋ ತರುತ್ತಿದ್ದಳು. ಮಗ ಸುಭಾಷ ಪಂಪ್‌ಸೆಟ್ ರಿಪೇರಿ ಮಾಡುವವನು. ಒಮ್ಮೆ ತಾಯಿಯನ್ನು ಕರೆದೊಯ್ಯಲು ಬಂದಿದ್ದಾಗ ರಕ್ಷಿತಾಳನ್ನು ನೋಡಿ, ತಟ್ಟನೆ ಗೋಡೆಯ ಮೇಲಿನ ಚೀನೀ ಅಕ್ಷರದ ಪಟದತ್ತ ತಿರುಗಿ ಅದನ್ನೇ ಓದುವವನಂತೆ ನಿಂತಿದ್ದ. ಅವಳಿಗೆ ನಗು ಬಂದಿತ್ತು.

ಆಮೇಲೊಂದು ದಿನ ಚೌಡಮ್ಮ ಕೇಳಿದ್ದಳು, "ನೀನೂ ಗುಳ್ಗೆ ತಗಳ್ತೀಯೇನೆ?"

"ಇಲ್ಲ. ಸೂಜಿ ಹಾಕ್ಸಿದ್ಮೇಲೆ ಬಿಟ್ಬಿಟ್ಟೆ."

ಅಷ್ಟು ಸಲೀಸಾಗಿ ಅವಳು ಯಾರ ಹತ್ತಿರವೂ ಸುಳ್ಳು ಹೇಳಿದ್ದೇ ಇರಲಿಲ್ಲ. ವಾರದೊಳಗೆ ಚೌಡಮ್ಮನ ಕಡೆಯಿಂದ, ಸುಭಾಷನಿಗೆ ಹುಡುಗಿ ಕೇಳಿ, ಅವ್ವನಿಗೆ ಹೇಳಿಕೆ ಬಂತು. ಯುಗಾದಿ ಕಳೆದ ಮೇಲೆ ಕೂತು ಮಾತಾಡುವುದೆಂದಾಯಿತು.

ಈಗ ಪರದೆಯಾಚೆಯಿಂದ ಡಾಕ್ಟರು ಕೇಳಿದರು, ಗುಳಿಗೆ ತಪ್ಪಿಸುತ್ತಿಲ್ಲ ತಾನೇ, ರಕ್ತ ಪರೀಕ್ಷೆ ಯಾಕೆ ಮಾಡಿಸಿಲ್ಲ ಎಂದು. ಗುಳಿಗೆ ತಪ್ಪಿಸಿಲ್ಲ, ಹಬ್ಬ ಕಳೆದು ರಕ್ತ ಕೊಡುತ್ತೇನೆ ಎಂದಳು ಚೌಡಮ್ಮ. ಅವರ ಚಪ್ಪಲಿ ಸದ್ದು ದೂರವಾದ ಮೇಲೆ ರಕ್ಷಿತಾಳ ಕೈ ಹಿಡಿದು ಎಳೆದಳು.

"ನೀ ಬಿಟ್ಮೇಲೆ ನಂಗ್ಯಾಕೆ ಅಂತ ನಾನೂ ಬಿಟ್ಟೆ ಕಣೆ. ಸಂಕ್ರಾಂತಿಗೇ ಬಿಟ್ಟಿದ್ದು. ಡಾಕ್ಟ್ರಿಗೆ ಹೇಳ್ಬೇಡ ಮತ್ತೆ. ಪೂರ್ತಿ ಗುಣ ಆದ್ಮೇಲೆ ಇಬ್ರೂ ಸೇರಿ ಹೇಳುವ."

ಆ ಕೈ ಬಾವಿಯ ಕಲ್ಲಿನಷ್ಟು ತಣ್ಣಗಿತ್ತು. ಬತ್ತಿಯ ಬೂದಿ ನೆಲಕ್ಕುದುರಿತು. ಬಾಯಿ ತೆರೆಯಬೇಕೆನ್ನುವಷ್ಟರಲ್ಲಿ ಹೊರಗಿನಿಂದ ಡಾಕ್ಟರು ಅವಳ ಹೆಸರು ಹಿಡಿದು ಕರೆದರು. ಅವಳು ಹೋದಳು. ಹೋಗಲು ಒಂದು ನೆಪ ಸಿಕ್ಕಿದ್ದಕ್ಕೆ ಒಳಗೊಳಗೇ ಹಗುರವಾಯಿತು. ಆ ಹಗುರಕ್ಕೇ ಮುಖ ಬಿಸಿಯಾಯಿತು.

ಸಂಜೆ ಅವ್ವನಿಗೆ ಎಲ್ಲ ಹೇಳಿದಳು. ಅವ್ವ ಕುಚ್ಚಲಕ್ಕಿ ಆರಿಸುತ್ತಿದ್ದವಳು ಮೊರದಿಂದ ಕಣ್ಣೆತ್ತಲಿಲ್ಲ. ಹಬ್ಬ ಬರಲಿ, ಮಾತು ಮುಗಿಯಲಿ, ಆಮೇಲೆ ನಿಧಾನಕ್ಕೆ ಹೇಳಿದರಾಯಿತು ಎಂದಳು.

"ಆಮೇಲೆ ಅಂದ್ರೆ ಯಾವಾಗವ್ವ? ಅವ್ರಿಗೆ ಕಾಲು ಸುಟ್ರೂ ಗೊತ್ತಾಗ್ತಿಲ್ಲ."

ಅವ್ವ ಒಂದು ಕಲ್ಲು ಹೆಕ್ಕಿ ಅಂಗಳಕ್ಕೆ ಎಸೆದಳು.

ಮರುದಿನ ರಕ್ಷಿತಾ ಗುಳಿಗೆ ನುಂಗದೆ, ಇಂಗಿನ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಮೊದಲ ಬಸ್ಸಿಗೇ ಹೊರಟಳು. ಚೌಡಮ್ಮನ ಮನೆಯೆದುರಿನ ತಗಡಿನ ಮಾಡಿನ ಕೆಳಗೆ ಸುಭಾಷ ಆಗಲೇ ಒಂದು ಪಂಪು ಬಿಚ್ಚಿ ಕೂತಿದ್ದ. ಅವಳನ್ನು ಕಂಡು ಎದ್ದು, ಎಣ್ಣೆಗೈಯನ್ನು ಹಿಂದೆ ಮರೆಮಾಡಿಕೊಂಡ. ತನ್ನ ಅವ್ವ ಇನ್ನೂ ಎದ್ದಿಲ್ಲ, ಈಗೀಗ ಹೀಗೇ ಎಂದ.

ಇವರ ದನಿಗೆ ಎಚ್ಚರಾಗಿ ಚೌಡಮ್ಮ ಗೋಡೆ ಹಿಡಿದುಕೊಂಡು ಹೊರಗೆ ಬಂದಳು. ಹುಡುಗಿ ಮನೆ ನೋಡಲು ಬಂದಿದ್ದಾಳೆಂದೇ ತಿಳಿದು ಊದಿದ ಮುಖವೆಲ್ಲ ಅರಳಿತು. ಬೇಡವೆಂದರೂ ಕೇಳದೆ ಒಳಗೆ ಕರೆದು ಕೂರಿಸಿ, ಅಡುಗೆಮನೆಯಲ್ಲಿ ಎರಡು ಸಲ ಕೂತೆದ್ದು, ತಾನೇ ಚಾ ಮಾಡಿ ಎರಡು ಲೋಟ ತಂದಿಟ್ಟಳು.

"ತಗಾ. ನಮ್ಮನೆಯಾಗೆ ಮೊದ್ಲ್ನೇ ಚಾ."

ರಕ್ಷಿತಾ ಲೋಟ ಮುಟ್ಟಲಿಲ್ಲ. ಡಬ್ಬಿಯನ್ನು ತೆಗೆದು ಮುಚ್ಚಳ ಬಿಚ್ಚಿ, ಎರಡು ಲೋಟಗಳ ನಡುವೆ ಇಟ್ಟಳು.

"ಇದ್ನ ನುಂಗಿ ಅರ್ಧ ಗಂಟೆ ಚಾ ಕುಡಿಯಂಗಿಲ್ಲಮ್ಮ. ನಾನು ಗುಳ್ಗೆ ಬಿಟ್ಟಿಲ್ಲ. ಒಂದಿನಾನೂ ಬಿಟ್ಟಿಲ್ಲ. ನಿಮ್ಗೆ ಸುಳ್ಳು ಹೇಳ್ದೆ."

ಚೌಡಮ್ಮ ಡಬ್ಬಿಯನ್ನು ಕೈಗೆತ್ತಿಕೊಂಡು, ಒಳಗಿನ ಸಣ್ಣ ಬಿಳಿ ಗುಳಿಗೆಗಳನ್ನು ನೋಡಿದಳು. ಮೂಗಿನ ಹತ್ತಿರ ಹಿಡಿದಳು.

"ಅವ್ವ ಹೇಳ್ಕೊಟ್ಲೇನೆ?"

"ಡಬ್ಬಿಗೆ ಹಾಕಿದ್ದು ಅವ್ವ. ಸುಳ್ಳು ನಂದೇ."

ಹೊರಗೆ ಪಂಪು ಒಮ್ಮೆ ಗುರುಗುಟ್ಟಿ ನಿಂತಿತು. ಚೌಡಮ್ಮ ಡಬ್ಬಿಯನ್ನು ಮತ್ತೆ ಲೋಟಗಳ ನಡುವೆ ಇಟ್ಟು, ತನ್ನ ಅಂಗೈ ನೋಡಿಕೊಂಡಳು.

"ಅಂಗ್ಳ ಗುಡ್ಸಕ್ಕೂ ಆಗ್ತಿಲ್ಲ ನಂಗೆ," ಎಂದಳು. "ವಯಸ್ಸಾತು ಅಂದ್ಕಂಡಿದ್ದೆ. ನಮ್ಮನೆಯವ್ರು ದಿನಾ ಬೈತಾರೆ, ಸೋಮಾರಿ ಆಗಿದೀಯ ಅಂತ. ಹೌದೇನೋ ಅಂತ ನಾನೂ ಸುಮ್ನಾದೆ."

ಆ ಒಂದು ಮಾತಿಗೆ ರಕ್ಷಿತಾಳ ತಲೆ ತಗ್ಗಿತು. ಹಳೆಯ ಕ್ಲಾಸಿನ ಕಣ್ಣುಗಳೆಲ್ಲ ತಿರುಗಿ ನೋಡಿದಂತಾಯಿತು. ಈ ಸಲ ಅವು ಚೌಡಮ್ಮನನ್ನು ನೋಡುತ್ತಿದ್ದವು, ನಿಲ್ಲಿಸಿದವಳು ತಾನು.

"ಇವತ್ತೇ ಹೋಗಿ ರಕ್ತ ಕೊಡುವ," ಎಂದಳು, ನೆಲಕ್ಕೆ ಹೇಳಿದಂತೆ. "ಡಾಕ್ಟ್ರ ಹತ್ರಾನೂ ಎಲ್ಲ ನಾನೇ ಹೇಳ್ತೆ."

ಚೌಡಮ್ಮ ನಿಧಾನವಾಗಿ ಎದ್ದು ಒಳಗೆ ಹೋದಳು. ಏನೋ ಸರಿಸುವ, ತಡಕಾಡುವ ಸದ್ದು. ಬರುವಾಗ ಅವಳ ಕೈಯಲ್ಲಿ ತನ್ನದೇ ಗುಳಿಗೆಯ ಬಾಟಲಿ, ಇನ್ನೊಂದರಲ್ಲಿ ನೀರಿನ ಚೊಂಬು. ಮೊದಲು ತಾನು ನುಂಗಿ, ಚೊಂಬನ್ನು ರಕ್ಷಿತಾಳತ್ತ ನೂಕಿದಳು. ರಕ್ಷಿತಾ ನುಂಗಿದಳು. ಇಂಗಿನ ಘಾಟು ಎಂದಿನಂತೆ ಗಂಟಲಿಗೆ ಹತ್ತಿತು.

ಚೌಡಮ್ಮ ಎರಡು ಪುಟ್ಟ ತಟ್ಟೆ ತಂದು ಲೋಟಗಳ ಮೇಲೆ ಮುಚ್ಚಿ, ಗೋಡೆಗೊರಗಿ ಕೂತಳು. ಕೂರು ಎನ್ನಲಿಲ್ಲ, ಹೋಗು ಎಂದೂ ಎನ್ನಲಿಲ್ಲ. ರಕ್ಷಿತಾ ಕೂತೇ ಇದ್ದಳು.

ಕೈ ಒರೆಸಿಕೊಳ್ಳುತ್ತ ಸುಭಾಷ ಬಾಗಿಲಿಗೆ ಬಂದ. ಒಬ್ಬರನ್ನೊಬ್ಬರು ನೋಡದೆ ಕೂತ ಇಬ್ಬರನ್ನೂ, ಮುಚ್ಚಿದ ಲೋಟಗಳನ್ನೂ ನೋಡಿದ.

"ಎಂತಕ್ಕೆ ಮುಚ್ಚಿಟ್ಟಿದ್ದು? ಆರ್ತದಲ್ಲ ಚಾ."

"ಆರ್ಲಿ ಬಿಡು," ಎಂದಳು ಚೌಡಮ್ಮ.

ಅವಳು ಒಂದು ತಟ್ಟೆಯ ಅಂಚನ್ನು ಎತ್ತಿ ನೋಡಿದಳು. ಅಡಿಯಲ್ಲಿ ಹನಿಗಟ್ಟಿತ್ತು. ಮತ್ತೆ ಮುಚ್ಚಿದಳು. ಎರಡು ಲೋಟಗಳ ನಡುವೆ ಇಂಗಿನ ಡಬ್ಬಿ ಬಾಯಿ ತೆರೆದೇ ಇತ್ತು.