ಗುರುಪಾದನ ಮಣ್ಣು

ಹೊನ್ನಾಳಿಯ ಬಸ್ ಸ್ಟ್ಯಾಂಡಿನಲ್ಲಿ ಇಳಿದ ದಿನದಿಂದಲೇ ನಿರ್ಮಲಮ್ಮನ ಮನಸ್ಸಿನಲ್ಲಿ ಒಂದು ಮಾತು ಗಟ್ಟಿಯಾಗಿತ್ತು. ರಜೆ ಮುಗಿದ ಕೂಡಲೇ ಜಾಂಬಿಯಾಕ್ಕೆ ಹಿಂತಿರುಗಬೇಕು. ಆಕೆಯ ಗಂಡ ಷಣ್ಮುಖಪ್ಪನವರ ಮನಸ್ಸಿನಲ್ಲಿಯೂ ಅಷ್ಟೇ ಗಟ್ಟಿಯಾಗಿ ಇನ್ನೊಂದು ಮಾತು ಕೂತಿತ್ತು. ಇನ್ನು ಆ ಕಡೆ ತಲೆ ಹಾಕಬಾರದು. ಇಬ್ಬರೂ ಅದನ್ನು ಬಾಯಿಬಿಟ್ಟು ಹೇಳಿಕೊಂಡಿರಲಿಲ್ಲ. ಮದುವೆಯಾಗಿ ಹದಿನೈದು ವರ್ಷವಾದವರಿಗೆ ಹೇಳದೆಯೂ ತಿಳಿಯುತ್ತದೆ.

ಅದು ೧೯೭೯ರ ಬೇಸಿಗೆ. ಷಣ್ಮುಖಪ್ಪ ಆರು ವರ್ಷ ಜಾಂಬಿಯಾದ ಸಣ್ಣ ಊರೊಂದರ ಸರಕಾರಿ ಶಾಲೆಯಲ್ಲಿ ಗಣಿತ ಕಲಿಸಿದ್ದರು. ಮೂರು ಮೂರು ವರ್ಷದ ಎರಡು ಕರಾರು ಮುಗಿದಿದ್ದವು. ಮೂರನೆಯ ಕರಾರಿನ ಕಾಗದ ಪೆಟ್ಟಿಗೆಯಲ್ಲಿತ್ತು. ಜೂನ್ ಹತ್ತರೊಳಗೆ ಸಹಿ ಹಾಕಿ ಕಳಿಸಬೇಕು.

ಅವರು ಇಳಿದುಕೊಂಡಿದ್ದು ಷಣ್ಮುಖಪ್ಪನವರ ಅಕ್ಕ ಸಿದ್ದಲಿಂಗಮ್ಮನ ಮನೆಯಲ್ಲಿ. ಭತ್ತದ ವ್ಯಾಪಾರದ ಮನೆ. ಬೆಳಗಾದರೆ ಹೋಗುವವರು ಬರುವವರು. ಪರದೇಶದಿಂದ ಬಂದವರನ್ನು ನೋಡಲು ಬಂದವರೇ ಹೆಚ್ಚು. ಸಂತೇಬೆನ್ನೂರಿನಿಂದ ಬಂದ ದೂರದ ಸಂಬಂಧದ ಮಾವ ಹಾಲೇಶಪ್ಪನವರು ಮೊದಲು ಕೇಳಿದ್ದು ಊಟದ ವಿಷಯ.

"ಅಲ್ಲಿಯೋರು ಏನು ಉಣ್ತಾರಪ್ಪ?"

"ಮೆಕ್ಕೆಜೋಳದ ಹಿಟ್ಟಿನ ಮುದ್ದೆ ಮಾವ. ಸೊಪ್ಪಿನ ಪಲ್ಯ ಇಟ್ಕಂಡು ಉಣ್ತಾರೆ."

ಹಾಲೇಶಪ್ಪನವರ ಮುಖ ಸಣ್ಣದಾಯಿತು. "ಥೂ ನಿನ್ನ! ಮುದ್ದೆ ಉಣ್ಣಾಕೆ ಅಷ್ಟು ದೂರ ವಿಮಾನದಾಗೆ ಹೋಗಬೇಕಿತ್ತಾ? ನಮ್ಮನೇಗೆ ಬಂದಿದ್ರೆ ನಾನೇ ಇಕ್ತಿದ್ದೆ!"

ಎಲ್ಲರೂ ನಕ್ಕರು. ನಿರ್ಮಲಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ತಾನೂ ನಗಲು ನೋಡಿದಳು. ಊರೆಂದರೆ ಇದೇ. ಬಸ್ಸಿನಲ್ಲಿ ಗುರುತಿಲ್ಲದ ಹೆಂಗಸು ಸರಿದು ಕೂತು "ಬಾರಕ್ಕ, ಕೂಡು" ಎನ್ನುತ್ತಾಳೆ. ಬಿಸಿ ರೊಟ್ಟಿಯ ವಾಸನೆಗೆ ಬೀದಿಯ ತುದಿಯಲ್ಲೇ ಹಸಿವಾಗುತ್ತದೆ. ಆದರೆ ಅದೇ ಊರಿನಲ್ಲಿ ದಿನಕ್ಕೆ ನಾಲ್ಕು ಸಲ ಕರೆಂಟು ಹೋಗುತ್ತದೆ. ಸೀಮೆಎಣ್ಣೆಗೆ ಅರ್ಧ ದಿನ ಸಾಲು ನಿಲ್ಲಬೇಕು. ಇದನ್ನೆಲ್ಲ ಆಕೆ ಸಹಿಸಬಲ್ಲಳು. ಸಹಿಸಲಾಗದ್ದು ಬೇರೆ. ಬಂದವರೆಲ್ಲ ಹೊರಡುವಾಗ ಸಿದ್ದಲಿಂಗಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಒಂದೇ ಮಾತು ಹೇಳುತ್ತಿದ್ದಳು.

"ಇಲ್ಲೇ ಇದ್ದಿದ್ರೆ ನಮ್ಮ ಗುರುಪಾದ ಉಳೀತಿದ್ದ. ಮೂರನೇ ಕ್ಲಾಸು ಓದ್ತಿದ್ದ ಈಗ."

ಗುರುಪಾದ ನಿರ್ಮಲಮ್ಮ ಷಣ್ಮುಖಪ್ಪನವರ ಒಬ್ಬನೇ ಮಗ. ನಾಲ್ಕು ವರ್ಷದ ಹಿಂದೆ, ಇನ್ನೂ ಐದು ತುಂಬುವ ಮೊದಲೇ, ಮಲೇರಿಯಾ ಜ್ವರದಲ್ಲಿ ಹೋದ. ಅದೇ ವಾರ ನಿರ್ಮಲಮ್ಮನೂ ಜ್ವರದಿಂದ ಎಚ್ಚರವಿಲ್ಲದೆ ಮಲಗಿದ್ದಳು. ಮಗನನ್ನು ಮಣ್ಣು ಮಾಡಿದ್ದನ್ನು ಆಕೆ ನೋಡಲಿಲ್ಲ. ಎದ್ದು ಕೂರುವಂತಾದ ಮೇಲೆ ಪಕ್ಕದ ಮನೆಯ ಗ್ರೇಸ್ ಆಕೆಯನ್ನು ತೋಳು ಹಿಡಿದು ಆ ಜಾಗಕ್ಕೆ ಕರೆದುಕೊಂಡು ಹೋದಳು. ಬೀದಿಯ ಹೆಂಗಸರು ಬಂದು ಮೂರು ದಿನ ನೆಲದ ಮೇಲೆ ಅವಳ ಪಕ್ಕ ಕೂತರು. ಭಾಷೆ ಬಾರದು, ದೇವರು ಬೇರೆ. ಆದರೂ ಯಾರೊಬ್ಬರೂ "ಯಾಕೆ ಕರ್ಕಂಡು ಬಂದೆ" ಎಂದು ಕೇಳಲಿಲ್ಲ.

ಅಂದಿನಿಂದ ಪ್ರತಿ ಸೋಮವಾರ ಆಕೆ ಆ ಮಣ್ಣಿನ ಮೇಲೆ ದೀಪ ಹಚ್ಚುತ್ತಿದ್ದಳು. ತಾನು ಇಲ್ಲೇ ನಿಂತುಬಿಟ್ಟರೆ ಅಲ್ಲಿ ದೀಪ ಹಚ್ಚುವವರು ಯಾರು? ಮಗುವನ್ನು ಪರದೇಶದಲ್ಲಿ ಎರಡು ಸಲ ಒಂಟಿ ಮಾಡಿದ ಹಾಗಾಗುವುದಿಲ್ಲವೇ? ಆಕೆಯ ಚಿಂತೆ ಇದೊಂದೇ.

ಮೇ ಕೊನೆಯ ವಾರ ನ್ಯಾಮತಿಯಿಂದ ಮಲ್ಲಿಕಾರ್ಜುನಪ್ಪ ಬಂದರು. ಅಲ್ಲಿ ಹೊಸದಾಗಿ ತೆರೆದಿದ್ದ ಒಂದು ಪ್ರೌಢಶಾಲೆಯ ಸಮಿತಿಗೆ ಅವರು ಅಧ್ಯಕ್ಷರು. ದಪ್ಪ ಮೀಸೆ, ಮುಚ್ಚುಮರೆ ಇಲ್ಲದ ಮಾತು.

"ಹೆಡ್‌ಮಾಸ್ತರ ಕುರ್ಚಿ ಖಾಲಿ ಐತೆ ಮೇಷ್ಟ್ರೇ. ಸುಳ್ಳು ಹೇಳಂಗಿಲ್ಲ ನಾನು. ಗ್ರಾಂಟು ಇನ್ನೂ ಬಂದಿಲ್ಲ, ಸಂಬಳ ಒಂದೊಂದು ಸಲ ತಡ ಆಗ್ತೈತೆ. ಮಳೆ ಬಂದು ಸೋರಿದ್ರೆ ಎಂಟನೇ ಕ್ಲಾಸಿನೋರು ಎದ್ದು ಒಂಬತ್ತನೇ ಕ್ಲಾಸಿನಾಗೆ ಹೋಗಿ ಕೂಡ್ತಾರೆ."

"ಮತ್ತೆ ಒಳ್ಳೇದು ಏನೈತ್ರಿ ಅಲ್ಲಿ?"

"ಹುಡುಗ್ರು ಒಳ್ಳೇರು. ಮತ್ತೆ ನಿಮಗೆ ಸಿಟ್ಟು ಬಂದ್ರೆ ಕನ್ನಡದಾಗೆ ಬೈಬೋದು ನೋಡ್ರಿ!"

ಷಣ್ಮುಖಪ್ಪ ಗಟ್ಟಿಯಾಗಿ ನಕ್ಕುಬಿಟ್ಟರು. ಒಳಗಿದ್ದ ನಿರ್ಮಲಮ್ಮನ ಕೈಯಲ್ಲಿದ್ದ ಲೋಟ ಹಾಗೆಯೇ ನಿಂತಿತು. ನಾಲ್ಕು ವರ್ಷದಿಂದ ಆಕೆ ಈ ನಗು ಕೇಳಿರಲಿಲ್ಲ.

"ಸೋಮವಾರದೊಳಗೆ ತಿಳಿಸ್ರಿ. ಜೂನ್ ಒಂದಕ್ಕೆ ಶಾಲೆ ಶುರು. ನೀವಿಲ್ಲಾಂದ್ರೆ ಬೇರೆಯೋರ್ನ ನೋಡಬೇಕಾಗ್ತದೆ" ಎಂದು ಹೇಳಿ ಮಲ್ಲಿಕಾರ್ಜುನಪ್ಪ ಹೊರಟರು.

ಆ ಮಧ್ಯಾಹ್ನವೇ ನಿರ್ಮಲಮ್ಮ ಪೆಟ್ಟಿಗೆ ತೆಗೆದು ಕೂತಳು. ಪೇಟೆಯಿಂದ ಹನ್ನೆರಡು ವಿಭೂತಿ ಗಟ್ಟಿ ಕೊಂಡು ತಂದಿದ್ದಳು. ಅವರ ಜನರಲ್ಲಿ ಸತ್ತವರನ್ನು ಸುಡುವುದಿಲ್ಲ; ಕೂರಿಸಿ ಮಣ್ಣು ಮಾಡುತ್ತಾರೆ. ದೇಹದ ಸುತ್ತ ವಿಭೂತಿಯನ್ನೂ ಬಿಲ್ವಪತ್ರೆಯನ್ನೂ ತುಂಬುತ್ತಾರೆ. ಈ ಗಟ್ಟಿಗಳನ್ನು ಪುಡಿ ಮಾಡಿ ಮಗನ ಮಣ್ಣಿನ ಮೇಲೆ ಹಾಕಬೇಕೆಂಬುದು ಆಕೆಯ ಆಸೆ. ಒಂದೊಂದನ್ನೇ ಸೀರೆಯ ಮಡಿಕೆಯಲ್ಲಿ ಇಡುತ್ತಿರುವಾಗ ಷಣ್ಮುಖಪ್ಪ ಬಾಗಿಲಲ್ಲಿ ನಿಂತರು.

"ಅವು ಬ್ಯಾಡ ನಿರ್ಮಲಾ."

"ಯಾಕ್ರಿ? ಭಾರ ಆಗ್ತದಾ?"

"ನಾನು ಅಲ್ಲಿಗೆ ಬರಾಕೆ ಆಗಲ್ಲ. ಆ ಮಣ್ಣಿನ ಮುಂದೆ ನಿಲ್ಲಾಕೆ ಆಗಲ್ಲ ನನಗೆ."

ಆಕೆ ತಲೆಯೆತ್ತಿ ನೋಡಿದಳು. ಷಣ್ಮುಖಪ್ಪ ಅಲ್ಲೇ ಹೊಸಿಲ ಮೇಲೆ ಕೂತುಬಿಟ್ಟರು. ಶಾಲೆಯಲ್ಲಿ ಲೆಕ್ಕ ಬರದ ಹುಡುಗ ಕೂರುವ ಹಾಗೆ ಕೂತರು. ಆಮೇಲೆ ಹೇಳಿದರು.

ಮಗನಿಗೆ ಜ್ವರ ಏರಿದ ದಿನಗಳಲ್ಲಿ ಅವರು ಶಿವಾ ಶಿವಾ ಎನ್ನುತ್ತ ಹಗಲೆಲ್ಲ ಮಗನ ಹಣೆಗೆ, ಎದೆಗೆ, ಕೈಕಾಲಿಗೆ ವಿಭೂತಿ ಹಚ್ಚಿದ್ದರು. ಅವಳಿಗೂ ಹಚ್ಚಿದ್ದರು. ಊರಿನಿಂದ ತಂದಿದ್ದೆಲ್ಲ ಮುಗಿದುಹೋಯಿತು. ಮಣ್ಣು ಮಾಡುವ ಹೊತ್ತಿಗೆ ಮನೆಯಲ್ಲಿ ಒಂದು ಚಿಟಿಕೆಯೂ ಉಳಿದಿರಲಿಲ್ಲ. ಬುದ್ಧಿ ಎಲ್ಲಿತ್ತೋ ಏನೋ, ಶಾಲೆಗೆ ಓಡಿದರು. ಬೀರುವಿನಲ್ಲಿದ್ದ ಎರಡು ಡಬ್ಬ ಸೀಮೆಸುಣ್ಣ ತಂದು ಕಲ್ಲಿನ ಮೇಲೆ ಕುಟ್ಟಿದರು. ಅದನ್ನೇ ಮಗನ ಹಣೆಗೆ ಹಚ್ಚಿ, ಅದನ್ನೇ ಕುಣಿಯಲ್ಲಿ ಸುತ್ತ ತುಂಬಿದರು.

"ಜ್ವರ ಬಿಟ್ಟ ಮೇಲೆ ನೀನು ಕೇಳಿದ್ದು ಅದೊಂದೇ ಮಾತು. ವಿಭೂತಿ ಹಾಕಿದ್ರಾ ಅಂತ. ಹಾಕಿದೆ ಅಂದೆ. ಹೆತ್ತ ಮಗನಿಗೆ ಬೋರ್ಡಿನ ಸುಣ್ಣ ಹಾಕಿ ಕಳಿಸಿದೆ ಕಣೇ ನಾನು."

ನಿರ್ಮಲಮ್ಮ ಪೆಟ್ಟಿಗೆ ಮುಚ್ಚಿದಳು. ಎರಡು ದಿನ ಮಾತಾಡಲಿಲ್ಲ. ಊಟ ಬಡಿಸುವಳು, ಎದ್ದು ಹೋಗುವಳು. ಸಿಟ್ಟು ಇತ್ತು. ಸುಣ್ಣ ಹಾಕಿದ್ದಕ್ಕಿಂತ ಸುಳ್ಳು ಹೇಳಿದ್ದಕ್ಕೆ ಹೆಚ್ಚು. ಆದರೆ ಸಿಟ್ಟಿನ ಅಡಿಯಲ್ಲಿ ಭಯವಿತ್ತು: ವಿಭೂತಿಯಿಲ್ಲದೆ ಹೋದ ಮಗು ಶಿವನನ್ನು ಸೇರಿದನೋ ಇಲ್ಲವೋ. ಮೂರನೆಯ ದಿನ ಮುಂಜಾನೆ ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ಒಬ್ಬಳೇ ಮಠಕ್ಕೆ ಹೋದಳು. ಅಯ್ಯನವರಿಗೆ ಎಂಬತ್ತು ದಾಟಿತ್ತು. ಜಗಲಿಯ ಮೇಲೆ ಎಳೆಬಿಸಿಲು ಕಾಯಿಸಿಕೊಳ್ಳುತ್ತ ಕೂತಿದ್ದರು. ಆಕೆ ನಮಸ್ಕರಿಸಿ ಎಲ್ಲವನ್ನೂ ಹೇಳಿಕೊಂಡಳು.

"ಕೊರಳಾಗೆ ಲಿಂಗ ಇತ್ತಾ?" ಅಯ್ಯನವರು ಕೇಳಿದರು.

"ಇತ್ತು ಬುದ್ಧಿ."

"ಮಣ್ಣು ಹಾಕಿದೋರು ಯಾರು?"

"ಅವರಪ್ಪ. ಮತ್ತೆ ಅಲ್ಲಿಯ ಮೇಷ್ಟ್ರುಗಳು, ನೆರೆಮನೆಯೋರು."

"ಅತ್ತರಾ ಅವರು?"

"ಎಲ್ಲಾರೂ ಅತ್ತರಂತೆ."

"ಮತ್ತಿನ್ನೇನವ್ವ? ಶಿವ ಬಾಗ್ಲಾಗೆ ನಿಂತು ಸಾಮಾನಿನ ಪಟ್ಟಿ ನೋಡಿ ಮಗೂನ ಒಳಗೆ ಬಿಟ್ಕಂತಾನೆ ಅಂತ ತಿಳ್ಕಂಡೀಯೇನು? ಮಗು ಆವತ್ತೇ ಸೇರಿದ. ನಾಲ್ಕು ವರ್ಷದಿಂದ ಹೊರಗೆ ನಿಂತಿರೋನು ನಿನ್ನ ಗಂಡ. ಅವನ್ನ ಒಳಗೆ ಕರಿ."

ನಿರ್ಮಲಮ್ಮ ಬಹಳ ಹೊತ್ತು ಅತ್ತಳು. ಆಮೇಲೆ ಕೇಳಿದಳು: "ಹಂಗಾರೆ ನಾವು ಹೋಗಬೇಕೋ, ಇಲ್ಲೇ ಇರಬೇಕೋ ಬುದ್ಧಿ?"

"ಅದನ್ನ ಮಠದಾಗೆ ಕೇಳಬ್ಯಾಡ" ಎಂದು ಅಯ್ಯನವರು ನಕ್ಕರು. "ಮನ್ಯಾಗೆ ಕೇಳು."

ಆಕೆ ಮನೆಗೆ ಬಂದಾಗ ಹಿತ್ತಲ ನೆರಳಿನಲ್ಲಿ ಸಿದ್ದಲಿಂಗಮ್ಮ ಮೊರ ಹಿಡಿದು ಕೂತಿದ್ದಳು. ಎದುರಿಗೆ ದುರುಗಕ್ಕ ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಳು. ದುರುಗಕ್ಕ ಜಗಳೂರು ಸೀಮೆಯ ಸೊಕ್ಕೆಯವಳು. ಹತ್ತು ವರ್ಷದ ಹಿಂದೆ ಭತ್ತದ ಕೊಯ್ಲಿಗೆಂದು ಬಂದವಳು ಈ ಮನೆಯ ಕೆಲಸಕ್ಕೇ ನಿಂತಿದ್ದಳು. ನಿರ್ಮಲಮ್ಮನ ಕೆಂಪಾದ ಕಣ್ಣು ನೋಡಿ ಸಿದ್ದಲಿಂಗಮ್ಮ ನಿಟ್ಟುಸಿರು ಬಿಟ್ಟಳು.

"ಈಗ ಅತ್ತು ಏನು ಬಂತವ್ವ? ಇಲ್ಲೇ ಇದ್ದಿದ್ರೆ ಮಗು ಉಳೀತಿತ್ತು."

ದುರುಗಕ್ಕ ಅಕ್ಕಿಯಿಂದ ಕಣ್ಣೆತ್ತಲಿಲ್ಲ. "ಇಲ್ಲಿದ್ರೆ ಸಾಯಂಗಿಲ್ವೇನ್ರವ್ವ? ನನ್ನ ಮಗ ಇಲ್ಲೇ ಇದ್ನಲ್ಲ."

"ನಿನ್ನ ಮಗನಾ?"

"ಆರು ವರ್ಷದೋನು. ನಿಮ್ಮನೇಗೆ ಬರೋ ಮೊದಲು, ನಾಲೆ ಕೆಲಸಕ್ಕೆ ಬಂದಿದ್ವಿ. ಜ್ವರ ಬಂತು, ಹೊತ್ಕಂಡು ಆಸ್ಪತ್ರೆಗೆ ಓಡಿದೆ. ಡಾಕ್ಟ್ರು ಊರಾಗಿಲ್ಲ, ನಾಳೆ ಬಾ ಅಂದ್ರು. ನಾಳೆ ತನಕ ಅವನು ಇರಬೇಕಲ್ಲ?"

ಸಿದ್ದಲಿಂಗಮ್ಮನ ಕೈಯಲ್ಲಿದ್ದ ಮೊರ ನೆಲಕ್ಕಿಳಿಯಿತು. "ಹತ್ತು ವರ್ಷ ನಮ್ಮನೆ ಅಕ್ಕಿ ಆರಿಸೀಯಾ. ಒಂದು ದಿನ ಹೇಳಲಿಲ್ವಲ್ಲೇ ನೀನು."

"ನೀವು ಕೇಳಲಿಲ್ರಿ."

ನಿರ್ಮಲಮ್ಮ ದುರುಗಕ್ಕನ ಪಕ್ಕ ನೆಲದ ಮೇಲೆಯೇ ಕೂತಳು. "ಎಲ್ಲಿ ಮಣ್ಣು ಮಾಡಿದ್ರಿ ದುರುಗಕ್ಕ?"

"ನಾಲೆ ದಂಡ್ಯಾಗೆ. ಆಮ್ಯಾಲೆ ನಾಲೆ ಅಗಲ ಮಾಡಿದ್ರು. ಈಗ ಅಲ್ಲಿ ನೀರು ಹರೀತೈತೆ. ಗುರುತೂ ಇಲ್ಲ."

"ಹೆಂಗೆ ತಡಕೊಂಡೆ?"

"ಮೊದಲು ಒಂದು ವರ್ಷ ಹೋಗಿ ಹೋಗಿ ಕೂಡ್ತಿದ್ದೆ. ಒಂದಿನ ಅನ್ನಿಸ್ತು. ಬದುಕಿದ್ದಾಗ ಆ ಹುಡುಗ ಒಂದು ಗಳಿಗೆ ಒಂದ್ ಕಡೆ ಕುಂತೋನಲ್ಲ. ಈಗ ನಾನು ಬರ್ತೀನಿ ಅಂತ ಅಲ್ಲೇ ಕುಂತಿರ್ತಾನಾ? ನಾನು ಹೋದ ಕಡೆ ಅವನೇ ಬರ್ತಾನೆ ಬಿಡ್ರಿ. ಕೊಯ್ಲಿನಾಗೆ ಬರ್ತಾನೆ, ಸಂತಿಯಾಗೆ ಬರ್ತಾನೆ. ಈಗ ನೋಡ್ರಿ, ನಿಮ್ಮ ಹಿತ್ತಲಿಗೂ ಬಂದ."

ಸಿದ್ದಲಿಂಗಮ್ಮ ಎದ್ದು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಮೂರು ಲೋಟ ಕಾಫಿ ತಂದು ಒಂದನ್ನು ದುರುಗಕ್ಕನ ಮುಂದೆ, ಒಂದನ್ನು ನಿರ್ಮಲಮ್ಮನ ಮುಂದೆ ಇಟ್ಟಳು. "ಅನ್ನಬಾರದಿತ್ತು ನಾನು" ಎಂದಳು. ಯಾರಿಗೆ ಹೇಳಿದಳೋ, ಬಹುಶಃ ಇಬ್ಬರಿಗೂ. ಆಮೇಲೆ ಆಕೆಯ ಬಾಯಲ್ಲಿ ಆ ಮಾತು ಬರಲಿಲ್ಲ.

ಸಂಜೆ ನಿರ್ಮಲಮ್ಮ ಗಂಡನನ್ನು ಹೊಳೆಯ ದಡಕ್ಕೆ ಕರೆದುಕೊಂಡು ಹೋದಳು. ತುಂಗಭದ್ರೆಯಲ್ಲಿ ನೀರು ಕಡಿಮೆಯಾಗಿ ಬಂಡೆಗಳು ತಲೆಯೆತ್ತಿದ್ದವು.

"ಒಂದು ಮಾತು ನಿಜ ಹೇಳ್ರಿ. ನಿಮಗೆ ಇಲ್ಲೇ ಇರಬೇಕು ಅನ್ಸೋದು ಅಲ್ಲಿಗೆ ಹೋಗಾಕೆ ಹೆದರಿಕೇನಾ? ಇಲ್ಲಾ ಇಲ್ಲಿರಾಕೆ ಆಸೇನಾ?"

ಷಣ್ಮುಖಪ್ಪ ಒಂದು ಬಂಡೆಯ ಮೇಲೆ ಕೂತರು. "ಬರುವಾಗ ಹೆದರಿಕೆ ಒಂದೇ ಇತ್ತು. ನಿನಗೆ ಹೇಳಿದ ಮೇಲೆ ಅದು ಅರ್ಧ ಇಳೀತು. ನೀನು ಹೋಗಾನ ಅಂದ್ರೆ ಈಗ ಬರ್ತೀನಿ. ಆದ್ರೆ..."

"ಆದ್ರೆ?"

"ಎಂಟನೇ ಕ್ಲಾಸಿನೋರು ಮಳ್ಯಾಗೆ ಎದ್ದು ಓಡ್ತಾರಂತಲ್ಲ. ಅದೇ ಕಣ್ಮುಂದೆ ಬರ್ತೈತೆ."

ನಿರ್ಮಲಮ್ಮನಿಗೆ ನಗು ಬಂತು. ಕಣ್ಣಲ್ಲಿ ನೀರೂ ಬಂತು. ನಾಲ್ಕು ವರ್ಷ ತಾನು ಒಂದು ಹಿಡಿ ಮಣ್ಣನ್ನು ಕಾಯುತ್ತಿದ್ದಳು. ಜೊತೆಯಲ್ಲೇ ಮಲಗಿ ಏಳುತ್ತಿದ್ದವನನ್ನು ಕಾಯಲಿಲ್ಲ. ಇಲ್ಲಿ ಸಂಬಳ ತಡವಾಗುತ್ತದೆ, ಡಾಕ್ಟರು ಊರಲ್ಲಿರುವುದಿಲ್ಲ, ಜನ ಬೇಕಾದ್ದನ್ನೂ ಬೇಡದ್ದನ್ನೂ ಆಡುತ್ತಾರೆ. ಆದರೂ ಈ ಮನುಷ್ಯ ಇಲ್ಲಿ ನಕ್ಕ.

"ನ್ಯಾಮತಿಗೇ ಹೋಗಾನ" ಎಂದಳು. "ಗ್ರೇಸಿಗೆ ಕಾಗದ ಬರೀರಿ, ಸೋಮವಾರ ಸೋಮವಾರ ಒಂದು ದೀಪ ಹಚ್ಚು ಅಂತ. ಅವಳು ಬ್ಯಾಡ ಅನ್ನಲ್ಲ. ಮಣ್ಣಿನ ಮೇಲೆ ಹುಲ್ಲು ಬೆಳೆದ್ರೆ ಕೀಳಬ್ಯಾಡ ಅನ್ರಿ, ಬೆಳೀಲಿ. ಒಂದಿನ ನಾವಿಬ್ರೂ ಹೋಗಿ ನೋಡ್ಕಂಡು ಬರಾನ. ನಾನೊಬ್ಬಳೇ ಅಲ್ಲ, ಇಬ್ರೂ."

ಷಣ್ಮುಖಪ್ಪ ತಲೆಯಾಡಿಸಿದರು.

ಜೂನ್ ಮೊದಲ ವಾರ ಅವರು ನ್ಯಾಮತಿಯಲ್ಲಿ ಎರಡು ಅಂಕಣದ ಒಂದು ಬಾಡಿಗೆ ಮನೆ ಹಿಡಿದರು. ಮನೆಯಲ್ಲಿ ನೀರಿರಲಿಲ್ಲ. ಮೊದಲ ದಿನ ಬೆಳಿಗ್ಗೆ ನಿರ್ಮಲಮ್ಮ ಹಿತ್ತಾಳೆಯ ಕೊಡ ಹಿಡಿದು ಬೀದಿಯ ನಲ್ಲಿಗೆ ಹೋದಳು. ಅಲ್ಲಿ ಇಪ್ಪತ್ತು ಕೊಡಗಳ ಸಾಲು. ನಲ್ಲಿಯಲ್ಲಿ ಬೆರಳು ಗಾತ್ರದ ನೀರು. ಹೆಂಗಸರು ಮಾತು ನಿಲ್ಲಿಸಿ ಹೊಸಬಳನ್ನು ಮೇಲಿಂದ ಕೆಳಗೆ ನೋಡಿದರು.

"ಯಾರ ಮನೆಯೋರ್ರಿ ನೀವು?" ಸಾಲಿನ ಮುಂದಿದ್ದ ಲಕ್ಷ್ಮಕ್ಕ ಕೇಳಿದಳು. ಆ ಬೀದಿಯ ನಲ್ಲಿಗೆ ಅವಳೇ ಯಜಮಾನಿಯೆಂಬುದು ಅವಳ ದನಿಯಲ್ಲೇ ತಿಳಿಯುತ್ತಿತ್ತು.

"ಹೊಸ ಹೆಡ್‌ಮಾಸ್ತರ ಮನೆಯೋರು."

"ಮಕ್ಕಳೆಷ್ಟು?"

ನಿರ್ಮಲಮ್ಮ ಕೊಡವನ್ನು ಸೊಂಟದಿಂದ ಇಳಿಸಿದಳು. "ಒಬ್ಬ ಮಗ. ಗುರುಪಾದ ಅಂತ. ಐದು ವರ್ಷ ತುಂಬೋ ಮೊದಲೇ ತೀರಿಕೊಂಡ. ಜಾಂಬಿಯಾದಾಗೆ ಮಣ್ಣಾಗಿದಾನೆ."

ಹೇಳಿದ ಮೇಲೆ ಆಕೆಗೇ ಆಶ್ಚರ್ಯವಾಯಿತು. ದನಿ ನಡುಗಿರಲಿಲ್ಲ. ಯಾರೂ "ಅಯ್ಯೋ" ಎನ್ನಲಿಲ್ಲ. ಸಾಲಿನ ಹಿಂದಿನಿಂದ ಯಾರೋ ಒಬ್ಬಳು ಮೆಲ್ಲಗೆ, "ನನಗೂ ಒಂದು ಹೋತು, ಹೆಣ್ಣುಕೂಸು" ಎಂದಳು.

ಲಕ್ಷ್ಮಕ್ಕ ಬಾಗಿ ತನ್ನ ಕೊಡವನ್ನು ನಲ್ಲಿಯ ಕೆಳಗಿನಿಂದ ಅರ್ಧ ತುಂಬಿದ್ದಾಗಲೇ ಪಕ್ಕಕ್ಕೆ ಎಳೆದಳು.

"ಇಲ್ಲಿ ತರ್ರಿ ನಿಮ್ಮ ಕೊಡ. ಏಳು ಗಂಟೆಗೆ ನೀರು ನಿಂತ್ರೆ ಮೇಷ್ಟ್ರು ಸ್ನಾನ ಇಲ್ದೆ ಶಾಲೆಗೆ ಹೋಗಬೇಕಾಗ್ತದೆ."