ಐವತ್ತಮೂರನೇ ನಂಬರಿನ ಹಾಜರಿ

"ಐವತ್ತಮೂರು!"

ಬಸವಂತಪ್ಪನವರು ಹಾಜರಿ ಪುಸ್ತಕದಿಂದ ತಲೆ ಎತ್ತದೆ ಕೂಗಿದರು. ಉತ್ತರ ಬರಲಿಲ್ಲ. ಮಾಟುಂಗಾದಲ್ಲಿ ಪೂವಪ್ಪನವರ ಹೋಟೆಲಿನ ಅಟ್ಟದ ಕೋಣೆ ಅದು. ಮೇಲೆ ಫ್ಯಾನು ಕಟಕಟ ಅನ್ನುತ್ತಿತ್ತು, ಕೆಳಗೆ ದೋಸೆ ಕಾವಲಿಗೆ ನೀರು ಚಿಮುಕಿಸಿದ ಸದ್ದು ಕೇಳುತ್ತಿತ್ತು.

"ರೋಲ್ ನಂಬರ್ ಐವತ್ತಮೂರು! ಇದು ಎರಡನೇ ಸಲ ಕರಿಯಾಕ್ಹತ್ತೇನಿ. ಫೆಬ್ರುವರಿ ಬರಲಿಲ್ಲ, ಮಾರ್ಚ್ ಬರಲಿಲ್ಲ. ಇವತ್ತೂ ಇಲ್ಲಂದ್ರ ಹೆಸರು ಹೊಡದೆ ಅಂತ ತಿಳೀರಿ."

ಎದುರಿಗೆ ಕೂತಿದ್ದ ಶಂಕ್ರೆಪ್ಪನವರು ಬಾಗಿಲ ಕಡೆ ನೋಡಿದರು.

ಇದು ಆಟವೆಂದರೆ ಆಟ, ಕಟ್ಟುನಿಟ್ಟೆಂದರೆ ಕಟ್ಟುನಿಟ್ಟು. ಸಾವಿರದ ಒಂಬೈನೂರ ಹದಿನಾಲ್ಕನೇ ಇಸವಿಯಲ್ಲಿ ಮುಂಬಯಿಯ ಒಂದು ಕಾಲೇಜಿಗೆ ಸೇರಿದ ಒಂಬತ್ತು ಕನ್ನಡದ ಹುಡುಗರು ತರಗತಿಯ ಕೊನೆಯ ಎರಡು ಬೆಂಚು ಹಿಡಿದು ಕೂರುತ್ತಿದ್ದರು. ಈಗ ಐವತ್ತೇಳನೇ ಇಸವಿ. ಮೂವರು ತೀರಿಕೊಂಡಿದ್ದಾರೆ, ಇಬ್ಬರು ಪೆನ್ಶನ್ ಪಡೆದು ಊರು ಸೇರಿದ್ದಾರೆ, ಮುಂಬಯಿಯಲ್ಲಿ ಉಳಿದವರು ನಾಲ್ವರು. ಪ್ರತಿ ತಿಂಗಳ ಮೊದಲ ಭಾನುವಾರ ಇಲ್ಲಿ ಸೇರುತ್ತಾರೆ. ಹಳೆಯ ರೋಲ್ ನಂಬರಿನಲ್ಲೇ ಹಾಜರಿ. ಹಾಜರಿ ಹೇಳಿದವನು ಎದ್ದು ನಿಂತು ಆ ತಿಂಗಳ ಸುದ್ದಿ ಒಂದಾದರೂ ಒಪ್ಪಿಸಬೇಕು. ಸತತ ಮೂರು ಸಲ ತಪ್ಪಿಸಿದವನ ಹೆಸರಿಗೆ ಗೀಟು. ಅರವತ್ತು ದಾಟಿದವರನ್ನು ನಾವು ಬಹುವಚನದಲ್ಲಿ ಕರೆಯುವುದು ಧರ್ಮ, ಆ ಕೋಣೆಯೊಳಗೆ ಮಾತ್ರ ಅವರಿಗೆ ಅದರ ಅಗತ್ಯವಿರಲಿಲ್ಲ.

ವಿಜಾಪುರದ ಬಸವಂತಪ್ಪನವರು ಹೆಡ್ಮಾಸ್ತರಿಕೆ ಮಾಡಿ ನಿವೃತ್ತರಾದವರು, ಆದ್ದರಿಂದ ಪುಸ್ತಕ ಅವರ ಕೈಯಲ್ಲಿ. ಅವರು ತಲೆ ಎತ್ತದಿರುವುದಕ್ಕೂ ಕಾರಣವಿತ್ತು. ತರ್ಕಶಾಸ್ತ್ರ ಹೇಳುತ್ತಿದ್ದ ಮುದುಕ ಪಾರ್ಸಿ ಪ್ರೊಫೆಸರು ಹಾಗೆಯೇ ಹಾಜರಿ ಕರೆಯುತ್ತಿದ್ದರು, ಮೂಗು ಪುಸ್ತಕಕ್ಕೆ ತಾಗುವಂತೆ. ಅವರ ಕೃಪೆಯಿಂದ ಆ ಕಾಲದಲ್ಲಿ ಪ್ರಾಕ್ಸಿ ಎಂಬುದು ಒಂದು ಕಲೆಯಾಗಿ ಬೆಳೆದಿತ್ತು. ಎರಡನೇ ವರ್ಷದಲ್ಲಿ ಶಂಕ್ರೆಪ್ಪನವರ ತಂದೆ ತೀರಿಕೊಂಡು ಅವರು ಆರು ವಾರ ಧಾರವಾಡದಲ್ಲೇ ಉಳಿದಾಗ ದಿನವೂ ಅವರ ದನಿಯಲ್ಲಿ "ಪ್ರೆಸೆಂಟ್ ಸರ್" ಎಂದು ಹೇಳಿ ಪರೀಕ್ಷೆಗೆ ಕೂರುವಂತೆ ಮಾಡಿದವನು ಐವತ್ತಮೂರನೇ ನಂಬರಿನ, ಮಂಗಳೂರಿನ ಸದಾನಂದ. ಆ ಸದಾನಂದನ ಹೆಸರಿಗೇ ಈಗ ಗೀಟು ಎಂದರೆ ಶಂಕ್ರೆಪ್ಪನವರ ಕರುಳು ಚುರ್ರೆನ್ನದೆ ಇರುತ್ತದೆಯೆ?

ಅವರು ಗೋಡೆಯ ಕಡೆ ಮುಖ ತಿರುಗಿಸಿ, ಮೂಗು ಹಿಡಿದುಕೊಂಡು, ತಮ್ಮ ಧಾರವಾಡದ ನಾಲಿಗೆಯನ್ನು ಬಲವಂತದಿಂದ ಮಂಗಳೂರಿಗೆ ಹೊರಳಿಸಿದರು.

"ಪ್ರೆಸೆಂಟ್ ಸರ್, ಮಾರಾಯ್ರೆ."

ಬಸವಂತಪ್ಪನವರ ಪೆನ್ನು ನಿಂತಿತು. ಆದರೆ ನಿಯಮ ನಿಯಮವೇ, ತಲೆ ಮೇಲೇಳಲಿಲ್ಲ. "ಸುದ್ದಿ?"

ಸುದ್ದಿ! ಅದನ್ನು ಶಂಕ್ರೆಪ್ಪನವರು ಯೋಚಿಸಿಯೇ ಇರಲಿಲ್ಲ. ಕೆಳಗೆ ರಸ್ತೆಯಲ್ಲಿ ಯಾವುದೋ ಭಜನೆಯವರು ಹಾರ್ಮೋನಿಯಂ ಪೆಟ್ಟಿಗೆ ಬಾರಿಸುತ್ತಾ ಹೋಗುತ್ತಿದ್ದರು.

"ನಾನು ಹಾರ್ಮೋನಿಯಂ ಕಲೀಲಿಕ್ಕೆ ಸುರು ಮಾಡಿದ್ದೇನೆ ಮಾರಾಯ್ರೆ. ಭಾರೀ ಲಾಯ್ಕ ಬರ್ತದೆ ಮಾರಾಯ್ರೆ."

"ಹೌದಾ?" ಬಸವಂತಪ್ಪನವರು ಪುಸ್ತಕದೊಳಗೇ ನಕ್ಕರು. "ಶಾಬಾಸ್. ಹಂಗಾದ್ರ ಬರೂ ರವಿವಾರ ನಾವೆಲ್ಲಾ ಚೆಂಬೂರಿಗೆ ಅವನ ಮನೀಗೆ ಹೋಗಿ ಕೇಳಿಕೊಂಡು ಬರೋಣು. ಏನಂತೀ ಪೂವಪ್ಪಾ?"

ಕಿಟಕಿಯ ಹತ್ತಿರ ಕೂತಿದ್ದ ಪೂವಪ್ಪನವರು ಹೆಗಲ ಟವೆಲು ಕೊಡವಿ ಹಾಕಿಕೊಂಡರು. ಆಮೇಲೆ, "ನಾನೂ ಬರ್ತೇನೆ. ಅವನಿಗೆ ನಗ್ಲಿಕ್ಕೆ ಬರ್ತದೆ ಅಂತ ಗೊತ್ತುಂಟು. ಬಾರಿಸ್ಲಿಕ್ಕೆ ಬರ್ತದಾ ನೋಡುವ," ಅಂದರು.

ಆ ಮಾತಿನ ಹಿಂದೆ ಜನವರಿಯ ಹಾಜರಿ ಇತ್ತು. ಅವತ್ತು ಮೊದಲು ಬಸವಂತಪ್ಪನವರು ಸುದ್ದಿ ಹೇಳಿದ್ದರು. ಹಳೆಯ ಶಾಲೆಗೆ ಅತಿಥಿಯಾಗಿ ಹೋದವರು ರೂಢಿಯ ಬಲದಿಂದ ಹೆಡ್ಮಾಸ್ತರ ಕುರ್ಚಿಯಲ್ಲೇ ಕೂತುಬಿಟ್ಟಿದ್ದರಂತೆ, ಹೊಸ ಹೆಡ್ಮಾಸ್ತರು ಅರ್ಧ ಗಂಟೆ ನಿಂತೇ ಇದ್ದರಂತೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿರುವಾಗ ಮೂವತ್ತೆಂಟನೇ ನಂಬರಿನ ಪೂವಪ್ಪನವರು ಎದ್ದರು. ಆ ಬೆಳಿಗ್ಗೆಯಷ್ಟೇ ಊರಿನಿಂದ ಬಂದಿದ್ದರು. ಬಾಯಿಗೆ ಟವೆಲು ಹಿಡಿದು, ನೆಲ ನೋಡುತ್ತಾ, "ನನ್ನ ರಾಜೀವಿ ಹೋದಳು," ಎಂದರು. ಹೆಂಡತಿಯ ಸಾವಿನ ಸುದ್ದಿ ಅದು, ಕೋಣೆ ತಣ್ಣಗಾಯಿತು. ಸದಾನಂದ ಒಬ್ಬನೇ ತೊಡೆ ತಟ್ಟಿ ಹೋಹೋ ಎಂದು ನಕ್ಕು, "ಭೇಷ್! ಒಳ್ಳೇದೇ ಆಯ್ತು ಬಿಡು ಮಾರಾಯಾ!" ಅಂದುಬಿಟ್ಟ.

ಪೂವಪ್ಪನವರು ಕೂತರು. ಉಳಿದವರ ಮುಖ ನೋಡಿ ಸದಾನಂದನ ನಗು ಅರ್ಧಕ್ಕೆ ನಿಂತಿತು. ಯಾರೂ ಏನೂ ಕೇಳಲಿಲ್ಲ. ಅಂಥ ಮಾತಿಗೆ ಏನೆಂದು ಕೇಳುವುದು? ಅವತ್ತಿನಿಂದ ಅವನ ಪತ್ತೆ ಇಲ್ಲ. ಶಂಕ್ರೆಪ್ಪನವರು ಎರಡು ಕಾರ್ಡು ಬರೆದರು. ಎರಡಕ್ಕೂ ಶೀತವಾಗಿದೆ ಎಂದೇ ಉತ್ತರ. ಮಗಳ ಬಾಣಂತನ ಸಾಂತಾಕ್ರೂಜಿನ ಮನೆಯಲ್ಲೇ ನಡೆಯುತ್ತಿದ್ದರಿಂದ ಅವರಿಗೆ ಚೆಂಬೂರಿನ ತನಕ ಹೋಗಲು ಆಗಿರಲಿಲ್ಲ. ಈಗ ತಾವೇ ಹೊಲಿದ ಸುಳ್ಳನ್ನು ತಾವೇ ಹೋಗಿ ಅವನಿಗೆ ತೊಡಿಸಿ ಬರಬೇಕಾಗಿತ್ತು.

ಮರುದಿನವೇ ಹೊರಟರು. ದಾದರಿನಲ್ಲಿ ಇಳಿದು, ಸೇತುವೆ ಹತ್ತಿ ಆಚೆ ಲೈನಿಗೆ ಹೋಗಿ, ಕುರ್ಲಾದಲ್ಲಿ ಮತ್ತೊಂದು ಲೋಕಲ್ ಹಿಡಿದು ಚೆಂಬೂರು ಸೇರುವಷ್ಟರಲ್ಲಿ ಅಂಗಿ ಬೆನ್ನಿಗೆ ಅಂಟಿತ್ತು. ಎರಡನೇ ಮಾಳಿಗೆಯ ಬಾಗಿಲು ತೆರೆದವರು ಸದಾನಂದರ ಹೆಂಡತಿ ಚಂಪಾ. ಸದಾನಂದರು ರಸ್ತೆ ಬದಿಯ ಗ್ಯಾಲರಿಯಲ್ಲಿ ಬೆನ್ನು ಹಾಕಿ ಕೂತು ಪೇಪರು ಓದುತ್ತಿದ್ದರು.

"ಏನಲೇ ಐವತ್ತಮೂರು!" ಶಂಕ್ರೆಪ್ಪನವರು ಬಾಗಿಲಿನಿಂದಲೇ ಗರ್ಜಿಸಿದರು.

ಪೇಪರಿನ ಪುಟ ಮಗುಚಿತು, ತಲೆ ತಿರುಗಲಿಲ್ಲ. ನನ್ನ ಮೇಲೂ ಸಿಟ್ಟೇ, ಎಂದು ಶಂಕ್ರೆಪ್ಪನವರಿಗೆ ಮುಖ ಸಣ್ಣದಾಯಿತು. ಚಂಪಾ ಶಂಕ್ರೆಪ್ಪನವರ ಅಂಗಿಯ ತೋಳು ಹಿಡಿದು, ತಮ್ಮ ಕಿವಿಯನ್ನು ಮುಟ್ಟಿ ಕೈ ಆಡಿಸಿ ಇಲ್ಲವೆಂದು ತೋರಿಸಿದರು.

"ದೀಪಾವಳಿಯಿಂದ ಜಾಸ್ತಿ ಆಗಿದೆ ಅಣ್ಣಾ. ಎಡಗಿವಿ ಪೂರ್ತಿ ಹೋಯ್ತು. ಬಲದ್ದರಲ್ಲಿ ಹತ್ತಿರ ಕೂತು ಬೊಬ್ಬೆ ಹಾಕಿದ್ರೆ ಸ್ವಲ್ಪ. ತುಟಿ ನೋಡಿ ಅಂದಾಜು ಮಾಡ್ತಾರೆ. ಯಾರಿಗೂ ಹೇಳ್ಬೇಡ ಅಂತ ನನ್ನಿಂದ ಆಣೆ ಹಾಕಿಸಿದ್ದಾರೆ."

ಶಂಕ್ರೆಪ್ಪನವರು ಬಾಗಿಲಲ್ಲೇ ಮರದ ಸ್ಟೂಲಿನ ಮೇಲೆ ಕೂತುಬಿಟ್ಟರು. ಬಾಯಿಗೆ ಟವೆಲು. ನೆಲ ನೋಡುತ್ತಿದ್ದ ಪೂವಪ್ಪ. ತುಟಿಯೇ ಕಾಣದೆ ಈ ಮನುಷ್ಯ ಏನು ಅಂದಾಜು ಮಾಡಿಯಾನು? ಹಿಂದಿನ ನಗೆಗೇ ಪೂವಪ್ಪ ಇನ್ನೊಂದು ನಗೆ ಸೇರಿಸಿದ ಎಂದುಕೊಂಡಿದ್ದಾನೆ.

ಸ್ನೇಹಿತನನ್ನು ಕಂಡಾಗ ಸದಾನಂದರ ಮುಖ ಅರಳಿ, ಮರುಕ್ಷಣ ಬಾಡಿತು. ಗುಟ್ಟು ಬಯಲಾಗಿದೆ ಎಂದು ಹೆಂಡತಿಯ ಮುಖದಲ್ಲೇ ಓದಿಕೊಂಡರು. "ಹದಿನೈದು ದಿನ ಕಳೆದ ಮೇಲೆ ಇವಳು ಮಾರ್ಕೆಟಿನಲ್ಲಿ ಕೇಳಿ ಬಂದು ಹೇಳಿದಳು, ರಾಜೀವಿ ತೀರಿಹೋದಳು ಅಂತ. ಆಗ ನನಗೆ ಅವತ್ತು ಏನಾಯ್ತು ಅಂತ ಗೊತ್ತಾಯ್ತು," ಎಂದರು. "ಕೆಲಸ ಸಿಕ್ಕಿದ ಹೊಸತರಲ್ಲಿ ಎರಡು ವರ್ಷ ಅವಳ ಕೈಯ ಊಟ ಉಂಡವ ನಾನು. ಅವಳು ಸತ್ತದ್ದಕ್ಕೆ ಭೇಷ್ ಅಂದೆ. ಈಗ ಹೋಗಿ ನಾನು ಕಿವುಡ ಅಂತ ಹೇಳ್ಲಾ? ನೆಪ ಹೇಳ್ತಾನೆ ಅಂತಾನೆ ಅವ."

"ಅನ್ನಂಗಿಲ್ಲೋ!" ಶಂಕ್ರೆಪ್ಪನವರು ಬಲಗಿವಿಗೆ ಬಾಯಿಟ್ಟು ಕೂಗಿದರು.

"ಅವನಿಗಿಂತ ಮೊದಲು ನನಗೇ ನನ್ನ ಮೇಲೆ ಸಿಟ್ಟು ಮಾರಾಯಾ."

ಇನ್ನು ತಡಮಾಡಿ ಫಲವಿಲ್ಲವೆಂದು ಶಂಕ್ರೆಪ್ಪನವರು ಪ್ರಾಕ್ಸಿಯ ಸಂಗತಿಯನ್ನೂ ಹಾರ್ಮೋನಿಯಮ್ಮನ್ನೂ ಬರುವ ಭಾನುವಾರವನ್ನೂ ಒಂದೇ ಉಸಿರಿಗೆ ಕಿವಿಗೆ ಸುರಿದರು. ಸದಾನಂದರು ಎವೆಯಿಕ್ಕದೆ ನೋಡಿದರು. ನಂತರ ಅವರ ಹೊಟ್ಟೆ ಅಲುಗತೊಡಗಿತು. ಮೂರು ತಿಂಗಳಲ್ಲಿ ಮೊದಲ ಸಲ ಈ ಮನೆಯಲ್ಲಿ ನಗು, ಎಂದು ಚಂಪಾ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಕಿವುಡನಿಗೆ ಹಾರ್ಮೋನಿಯಂ! ತಬಲಾ ಅಂತ ಆದ್ರೂ ಹೇಳ್ಬಾರ್ದಿತ್ತಾ, ಕೈಗಾದ್ರೂ ಗೊತ್ತಾಗ್ತಿತ್ತು!"

ಒಂದು ಸುಳ್ಳು ಮುಚ್ಚಲು ಇನ್ನೊಂದು ಸುಳ್ಳು ಬೇಕೇ ಬೇಕು. ಭಜನಾ ಮಂಡಳಿಗೆ ಬಾರಿಸುವ ಚಂಪಾ ಅವರ ಪೆಟ್ಟಿಗೆ ಮನೆಯಲ್ಲೇ ಇತ್ತು. ಅವರು ಒಳಕೋಣೆಯಲ್ಲಿ ಪರದೆಯ ಹಿಂದೆ ಕೂತು ಒಂದು ಭಜನೆ ಬಾರಿಸುವುದು, ಸದಾನಂದರು ಪಕ್ಕದಲ್ಲಿರುವುದು, ಮುಗಿದ ಕೂಡಲೇ ಹೊರಗೆ ಬಂದು ಕೈಮುಗಿಯುವುದು. ಕಲಿಯುವಾಗ ಯಾರೂ ನೋಡಬಾರದೆಂದು ಗುರುಗಳ ಅಪ್ಪಣೆಯಿದೆ ಎಂದು ಹೇಳುವುದು ಶಂಕ್ರೆಪ್ಪನವರ ಪಾಲಿಗೆ. ಅರವತ್ತೊಂದು ವರ್ಷದವರು ಇದನ್ನು ಪರೀಕ್ಷೆಗೆ ಓದುವವರ ಹಾಗೆ ಮೂರು ಸಲ ಅಭ್ಯಾಸ ಮಾಡಿದರು. ಚಂಪಾ ಭಜನೆಗೆ ಕೂತರೆ ಕಣ್ಣು ಮುಚ್ಚಿ ಲೋಕ ಮರೆಯುವವರು ಎಂಬುದು ಮಾತ್ರ ಯಾರ ಲೆಕ್ಕಕ್ಕೂ ಬರಲಿಲ್ಲ.

ಭಾನುವಾರ ಹತ್ತು ಗಂಟೆಗೆ ಬಸವಂತಪ್ಪನವರು ಕಂಕುಳಲ್ಲಿ ಹಾಜರಿ ಪುಸ್ತಕ ಹಿಡಿದು ಬಂದರು. ಹಿಂದೆ ಪೂವಪ್ಪನವರು. ಬರಿಗೈಯಲ್ಲಿ ಬರುವುದು ಹೋಟೆಲಿನವರ ಜಾಯಮಾನಕ್ಕೆ ಒಗ್ಗದು, ಸಿಟ್ಟಿದ್ದರೂ ಗೋಳಿಬಜೆಯ ಪೊಟ್ಟಣ ತಂದಿದ್ದರು. ಅದನ್ನು ಮೇಜಿನ ಮೇಲೆ ಕುಕ್ಕಿ, ಪರದೆಗೆ ಬೆನ್ನು ಹಾಕಿ ಕಿಟಕಿಯ ಹತ್ತಿರ ನಿಂತರು.

ಒಳಗೆ ಹಾರ್ಮೋನಿಯಂ ಹೊರಟಿತು. ಚೆನ್ನಾಗಿಯೇ ಹೊರಟಿತು. ಬಸವಂತಪ್ಪನವರು ತಲೆದೂಗಿದರು. "ಲೇ, ಮೂರು ತಿಂಗಳದಾಗ ಇಷ್ಟ್ ಬರ್ತದೇನು? ನಾನೂ ಕಲೀತೇನಿ ಹಂಗಾದ್ರ."

"ಗುರುಗಳು ಭಾಳ ಛಲೋ ಅದಾರ," ಎಂದು ಶಂಕ್ರೆಪ್ಪನವರು ಬೆವರೊರೆಸಿಕೊಂಡರು.

ಪಲ್ಲವಿ ಮುಗಿದು ಚಂಪಾ ಒಂದು ಕ್ಷಣ ಬೆರಳು ಎತ್ತಿ ಹಣೆಯ ಕೂದಲು ಸರಿಸಿಕೊಂಡರು. ಆ ಬೆರಳುಗಳನ್ನೇ ನೋಡುತ್ತಿದ್ದ ಸದಾನಂದರು ಮುಗಿಯಿತೆಂದುಕೊಂಡು ಎದ್ದರು. ಪರದೆ ಸರಿಸಿ ಹೊರಗೆ ಬಂದು, ನಾಚಿಕೆಯಿಂದ ನಕ್ಕು, ಎರಡೂ ಕೈ ಮುಗಿದರು. ಅವರ ಬೆನ್ನ ಹಿಂದೆ ಚರಣ ಭರ್ಜರಿಯಾಗಿ ಶುರುವಾಯಿತು.

"ಎಂತದೋ... ಈಗಷ್ಟೇ ಕಲೀತಾ ಇದ್ದೇನೆ," ಎಂದರು ಸದಾನಂದರು, ಆ ಸಂಗೀತದ ನಡುವೆ ನಿಂತು.

ಬಸವಂತಪ್ಪನವರು ಅವರನ್ನು ನೋಡಿದರು, ಪರದೆಯನ್ನು ನೋಡಿದರು. "ನೀ ಇಲ್ಲಿ ನಿಂತೀ. ಅಲ್ಲಿ ಯಾರಲೇ?"

"ಎಲ್ಲ ನಿಮ್ಮ ಆಶೀರ್ವಾದ."

ಶಂಕ್ರೆಪ್ಪನವರಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಕಿಟಕಿಯ ಹತ್ತಿರದಿಂದ ಪೂವಪ್ಪನವರು ನಿಧಾನವಾಗಿ ಬಂದರು. ಸದಾನಂದರ ಹಿಂದೆ, ಒಂದು ಮೊಳ ದೂರದಲ್ಲಿ ನಿಂತು, "ಸದಾನಂದಾ!" ಎಂದು ಗಟ್ಟಿಯಾಗಿ ಕರೆದರು. ಸದಾನಂದರು ಬಸವಂತಪ್ಪನವರಿಗೆ ಇನ್ನೂ ಕೈಮುಗಿಯುತ್ತಲೇ ಇದ್ದರು.

ಪೂವಪ್ಪನವರು ಸುತ್ತಿ ಬಂದು ಎದುರಿಗೆ ನಿಂತರು. ಮೂರು ತಿಂಗಳಿಂದ ಗಂಟು ಹಾಕಿಕೊಂಡಿದ್ದ ಹುಬ್ಬು ಸಡಿಲಾಗುತ್ತಿತ್ತು.

"ಅವತ್ತೂ?" ಅಷ್ಟೇ ಕೇಳಿದರು.

ಆ ತುಟಿ ಸದಾನಂದರಿಗೆ ಸ್ಪಷ್ಟವಾಗಿ ಕಂಡಿತು. ಅವರು ತಿರುಗಿ ಪರದೆಯ ಕಡೆ ನೋಡಿದರು, ಶಂಕ್ರೆಪ್ಪನವರ ಪೆಚ್ಚು ಮುಖ ನೋಡಿದರು, ಮುಗಿದ ಕೈ ಇಳಿಸಿದರು. ಸಾಕು ಅನ್ನಿಸಿತು ಅವರಿಗೆ.

"ಹೌದು ಮಾರಾಯಾ. ಅವತ್ತೂ ಕೇಳಲಿಲ್ಲ. ನೀನು ಬಾಯಿಗೆ ಟವೆಲು ಹಿಡ್ಕೊಂಡಿದ್ದೆ. ತಮಾಷೆ ಅಂತ ಎಣಿಸಿ ನಕ್ಕೆ. ನಿನ್ನ ಬಾಯಿಂದ ಬಂದ ಸುದ್ದಿ ನನಗೆ ಮುಟ್ಟಲೇ ಇಲ್ಲ." ಅವರು ಕನ್ನಡಕ ಸರಿಮಾಡಿಕೊಂಡರು. "ಈಗ ಹೇಳು."

ಪೂವಪ್ಪನವರು ಅವರನ್ನು ಕುರ್ಚಿಯ ಮೇಲೆ ಕೂರಿಸಿ, ತಾವೂ ಒಂದು ಕುರ್ಚಿ ಹಾಕಿಕೊಂಡರು. ಶಂಕ್ರೆಪ್ಪನವರು ಬಲಗಿವಿಯನ್ನು ತೋರಿಸಿದರು. ಜೀವನದಲ್ಲಿ ಒಮ್ಮೆ ಪಿಸುಗುಟ್ಟಿ ಹೇಳಿದ್ದ ಮಾತನ್ನು ಪೂವಪ್ಪನವರು ಈಗ ಹೋಟೆಲಿನ ಒಳಗಡೆಗೆ ಆರ್ಡರು ಕೂಗುವ ದನಿಯಲ್ಲಿ ಕೂಗಿದರು.

"ನನ್ನ ರಾಜೀವಿ ಹೋದಳು!"

ಹಾರ್ಮೋನಿಯಂ ನಿಂತಿತು. ಪಕ್ಕದ ಮನೆಯ ಬಾಗಿಲು ತೆರೆದ ಸದ್ದಾಯಿತು.

"ಬೆಳಿಗ್ಗೆ ಗಂಜಿ ಕುಡಿದಳು! ಎರಡು ಗಂಟೆಗೆ ಎದೆನೋವು ಅಂದಳು! ಡಾಕ್ಟರು ಬರುವಾಗ ಹೋಗಿ ಆಗಿತ್ತು!"

ಪ್ರತಿ ಮಾತಿಗೂ ಸದಾನಂದರು ತಲೆ ಅಲ್ಲಾಡಿಸಿದರು. ಕಣ್ಣೀರು ಕನ್ನಡಕದ ಕೆಳಗಿನಿಂದ ಇಳಿದು ಗಲ್ಲದ ತನಕ ಬಂತು. ಅವರು ಒರೆಸಿಕೊಳ್ಳಲಿಲ್ಲ. ಪೂವಪ್ಪನವರ ಮಂಡಿಯ ಮೇಲೆ ಕೈ ಇಟ್ಟುಕೊಂಡು ಕೇಳಿದರು.

"ಹಿಂದಿನ ದಿನ ಲಿಂಬೆ ಉಪ್ಪಿನಕಾಯಿ ಹಾಕಿದ್ದಳು! ಒಂದು ಭರಣಿ ಸದಾನಂದಣ್ಣನಿಗೆ ಕೊಡಿ ಅಂದಳು! ಎರಡು ವರ್ಷ ನನ್ನ ಸಾರಿಗೆ ಉಪ್ಪು ಕಮ್ಮಿ ಅಂತ ಹೇಳಿ ಹೇಳಿ ಉಂಡವ, ಈಗ ಇದನ್ನು ತಿಂದು ನೋಡ್ಲಿ ಅಂದಳು! ಜನವರಿಯಲ್ಲಿ ತಂದಿದ್ದೆ! ನೀನು ನಕ್ಕಿಯಲ್ಲ, ಕೊಡ್ಲಿಲ್ಲ! ಸಿಟ್ಟಿಗೆ ನಾನೇ ಅರ್ಧ ತಿಂದೆ! ಬಾಯಿ ಉರಿದು ಹೋಯ್ತು ಮಾರಾಯಾ, ಅಷ್ಟು ಉಪ್ಪು!"

ಸದಾನಂದರ ಹೊಟ್ಟೆ ಅಲುಗಿತು. ಅವರು ತಡೆದುಕೊಂಡರು, ತುಟಿ ಕಚ್ಚಿದರು, ಆಗಲಿಲ್ಲ. ಅಳುವಿನ ನಡುವೆಯೇ ಹೋಹೋ ಎಂದು ನಗು ಬಂದುಬಿಟ್ಟಿತು. ಶಂಕ್ರೆಪ್ಪನವರೂ ಬಸವಂತಪ್ಪನವರೂ ಉಸಿರು ಹಿಡಿದು ಪೂವಪ್ಪನವರ ಮುಖ ನೋಡಿದರು. ಪೂವಪ್ಪನವರು ಹೆಗಲಿನ ಟವೆಲು ಕೈಗೆ ತೆಗೆದುಕೊಂಡರು. ಆಮೇಲೆ ಅವರೂ ನಕ್ಕರು, ಹೆಗಲು ಕುಲುಕುವಂತೆ ನಕ್ಕರು. ಹೆಂಡತಿ ಹೋದ ಮೇಲೆ ಅವರು ನಕ್ಕದ್ದನ್ನು ಯಾರೂ ಕಂಡಿರಲಿಲ್ಲ.

ಪರದೆಯ ಸಂದಿನಿಂದ ಚಂಪಾ ಇಣುಕಿದರು. ಬಾಗಿಲ ಹೊರಗೆ ಪಕ್ಕದ ಮನೆಯ ಇಬ್ಬರು ಗುಜರಾತಿ ಹೆಂಗಸರು ಏನಾಯಿತೆಂದು ತಿಳಿಯದೆ ನಿಂತಿದ್ದರು. ಪೂವಪ್ಪನವರು ಟವೆಲಿನಿಂದ ಮೊದಲು ಸ್ನೇಹಿತನ ಮುಖ ಒರೆಸಿ, ಆಮೇಲೆ ತಮ್ಮದನ್ನು ಒರೆಸಿಕೊಂಡು, ಕುರ್ಚಿಯನ್ನು ಇನ್ನೂ ಹತ್ತಿರಕ್ಕೆ ಎಳೆದರು.

"ಮುಗೀಲಿಲ್ಲ," ಎಂದು ಕೂಗಿದರು, "ಇನ್ನೂ ಉಂಟು, ಕೇಳು."